ಗೋಣಿತಾಟಿನ ಶರತ್ಕಾಲ

ಇರುವ ಊರಿನಲ್ಲಿ ಇಲ್ಲದ ಋತುವನ್ನು ಮನೆಯೊಳಗೆ ಕರೆತರಲು ಯಾರೂ ಹೋಗಬಾರದು. ಮಳೆ, ಸೆಕೆ, ಚಳಿ ಇವೆಲ್ಲ ತಾವಾಗಿ ಬರುತ್ತವೆ, ಇದ್ದಷ್ಟು ದಿನ ಇದ್ದು ಹೋಗುತ್ತವೆ. ಅವುಗಳಿಂದ ಆದ ತೊಂದರೆಗೆ ಆಕಾಶವನ್ನು ಬೈದರೆ ಮನಸ್ಸು ಹಗುರಾಗುತ್ತದೆ. ನಾವೇ ಕೈಹಿಡಿದು ಕರೆತಂದ ಋತುವಿನಿಂದ ಆದ ಅನಾಹುತಕ್ಕೆ ಯಾರನ್ನು ಬೈಯುವುದು? ಬಹರೈನಿನಲ್ಲಿ ನನಗೆ ತಿಳಿದಂತೆ ಎರಡೇ ಕಾಲ: ಏಸಿ ಓಡುವ ಕಾಲ, ಏಸಿ ಕೆಟ್ಟು ಮೆಕ್ಯಾನಿಕ್ಕಿಗೆ ಕಾಯುವ ಕಾಲ. ಎಲೆ ಕೆಂಪಾಗಿ ಉದುರುವ ಶರತ್ಕಾಲ ಇಲ್ಲಿಲ್ಲ. ಖರ್ಜೂರದ ಮರ ಎಲೆ ಉದುರಿಸುವ ಗೋಜಿಗೇ ಹೋಗುವುದಿಲ್ಲ. ಧೂಳು ಹೊದ್ದುಕೊಂಡು ಸುಮ್ಮನೆ ನಿಂತಿರುತ್ತದೆ. ನನಗೂ ಆ ಬುದ್ಧಿ ಇದ್ದಿದ್ದರೆ ಸಾಕಿತ್ತು.

ನಾನು ಆಗ ಮನಾಮದ ಒಂದು ನರ್ಸರಿ ಶಾಲೆಯಲ್ಲಿ ಸಹಾಯಕ ಟೀಚರ್ ಆಗಿದ್ದೆ. ಶಾಲೆ ನಡೆಸುತ್ತಿದ್ದವರು ಮಾರ್ಗರೆಟ್ ಎಂಬ ಇಂಗ್ಲಿಷ್ ಹೆಂಗಸು. ಅಕ್ಟೋಬರಿನಲ್ಲೊಮ್ಮೆ ಅವರು ನಮ್ಮನ್ನೆಲ್ಲ ಚಹಾಕ್ಕೆ ಮನೆಗೆ ಕರೆದರು. ಹೋಗಿ ನೋಡಿದರೆ ಮೇಜಿನ ಮೇಲೆ ಗೋಣಿತಾಟು, ದಿಂಬಿಗೆ ಗೋಣಿತಾಟು, ಹೂದಾನಿಯ ಸೊಂಟಕ್ಕೂ ಗೋಣಿತಾಟಿನ ರಿಬ್ಬನ್ನು. ಮಧ್ಯದಲ್ಲಿ ಒಂದು ಕುಂಬಳಕಾಯಿ, ಸುತ್ತ ಒಣಗಿದ ಗೋಧಿ ತೆನೆ. “ಆಟಮ್, ಮೈ ಡಿಯರ್!” ಎಂದು ಮಾರ್ಗರೆಟ್ ಕೈಯರಳಿಸಿದರು. ಎಷ್ಟು ಅಗ್ಗ, ಎಷ್ಟು ‘ರಸ್ಟಿಕ್’ ಎಂದರು. ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ರಸ್ಟಿಕ್, ಅಂದರೆ ಹಳ್ಳಿಗುಗ್ಗು, ಎನ್ನುವುದು ಬೈಗುಳವಾಗಿತ್ತು. ಕಾಲೇಜಿಗೆ ಸೇರಿದ ಹೊಸತರಲ್ಲಿ ಎರಡು ಜಡೆ ಹಾಕಿಕೊಂಡು ಹೋದ ನನಗೆ ಅದನ್ನೇ ಅಂದಿದ್ದರು. ಅದೇ ಮಾತನ್ನು ಈ ಹೆಂಗಸು ಹೊಗಳಿಕೆಯಾಗಿ ಬಳಸುವುದನ್ನು ಕೇಳಿ ನನ್ನ ತಲೆ ತಿರುಗಿತು.

ಗುಫೂಲಿನ ನಮ್ಮ ಫ್ಲ್ಯಾಟಿನ ಕೆಳಗೆ ಮೊಯಿದು ಎಂಬವರ ಕೋಲ್ಡ್ ಸ್ಟೋರ್ ಇತ್ತು. ಕೋಲ್ಡ್ ಸ್ಟೋರ್ ಎಂದರೆ ಇಲ್ಲಿ ಕಿರಾಣಿ ಅಂಗಡಿ. ಮೊಯಿದು ಉಪ್ಪಳದ ಕಡೆಯವರು. ಖಾಲಿ ಗೋಣಿಚೀಲ ಇದೆಯಾ ಎಂದು ಕೇಳಿದಾಗ ಅವರ ಮುಖ ಸಣ್ಣದಾಯಿತು.

“ಮನೆ ಖಾಲಿ ಮಾಡ್ತೀರಾ ಅಕ್ಕ? ನಿಮ್ಮ ಯಜಮಾನ್ರ ಕೆಲಸ ಹೋಯ್ತಾ?”

“ಇಲ್ಲಪ್ಪ, ಮನೆ ಚಂದ ಮಾಡ್ಲಿಕ್ಕೆ.”

“ಗೋಣಿಯಲ್ಲಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಕಟ್ಟು ಚೀಲ ಪುಕ್ಕಟೆ ಕೊಟ್ಟರು. ಅವರ ಮುಖದಲ್ಲಿ ಆಗಲೇ ಒಂದು ಎಚ್ಚರಿಕೆ ಇತ್ತು. ನಾನು ಅದನ್ನು ಓದಲಿಲ್ಲ.

ಗೋಣಿಯನ್ನು ಒಗೆದವರು ಯಾರಾದರೂ ಈ ಲೇಖನ ಓದುತ್ತಿದ್ದರೆ ಅವರಿಗೆ ನನ್ನ ನಮಸ್ಕಾರ. ಬಾತ್‌ಟಬ್ಬಿನಲ್ಲಿ ನೆನೆಹಾಕಿದೆ, ನೀರು ಚಹಾದ ಬಣ್ಣಕ್ಕೆ ತಿರುಗಿತು, ಮನೆಯೆಲ್ಲ ನೆಂದ ಎಮ್ಮೆಯ ವಾಸನೆ. ನಾರು ಹೋಗಿ ಕೊಳವೆ ಕಟ್ಟಿಕೊಂಡಿತು. ಒಣಗಿದ ಮೇಲೆ ಇಸ್ತ್ರಿ ಹಾಕಿದರೆ ಅದು ಇಸ್ತ್ರಿಗೆ ಬಗ್ಗುವ ಜಾತಿಯೇ ಅಲ್ಲ. ಹೊಲಿಗೆ ಯಂತ್ರದ ಸೂಜಿ ಮುರಿಯಿತು, ಕೊನೆಗೆ ದಬ್ಬಣದಲ್ಲಿ ಹೊಲಿದೆ. ಅಕ್ಷರಗಳಂತೂ ಏನು ಮಾಡಿದರೂ ಹೋಗಲಿಲ್ಲ. ಸೋಫಾದ ದಿಂಬಿನ ಮೇಲೆ ‘ಉತ್ತಮ ದರ್ಜೆ ಬಾಸ್ಮತಿ’ ಎಂದು ಇಂಗ್ಲಿಷಿನಲ್ಲಿ ತಲೆಕೆಳಗಾಗಿ ಕುಳಿತಿತು. ಕಿಟಕಿಯ ಪರದೆಯನ್ನು ಕೊಕ್ಕೆಗೆ ಸಿಕ್ಕಿಸಿ ಕೆಳಗಿಳಿದು ನೋಡಿದರೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಯೂಸ್ ನೋ ಹುಕ್ಸ್’ ಎಂದಿತ್ತು. ಕೊಕ್ಕೆ ಬಳಸಬೇಡಿ ಎಂದು ಚೀಲವೇ ಬೇಡಿಕೊಂಡಿದ್ದರೂ ಕೇಳದ ಹೆಂಗಸು ನಾನು. ಕಾಗದದಲ್ಲಿ ಕೆಂಪು ಎಲೆಗಳನ್ನು ಕತ್ತರಿಸಿ ಅಲ್ಲಲ್ಲಿ ಅಂಟಿಸಿದೆ. ಏಸಿಯ ಗಾಳಿಗೆ ಅವು ಒಂದೊಂದಾಗಿ ಉದುರತೊಡಗಿದವು. ನನ್ನ ಶರತ್ಕಾಲದಲ್ಲಿ ಸರಿಯಾಗಿ ನಡೆದದ್ದು ಅದೊಂದೇ.

ಸಂಜೆ ನನ್ನ ಗಂಡ ಟುಬ್ಲಿಯ ವರ್ಕ್‌ಶಾಪಿನಿಂದ ಬಂದರು. ಅಲ್ಲಿ ಅವರು ಸೂಪರ್‌ವೈಸರ್. ಬಾಗಿಲಲ್ಲೇ ನಿಂತು ಒಮ್ಮೆ ಸುತ್ತ ನೋಡಿ, ಸರಣಿಯಾಗಿ ಸೀನಿ, “ಅಮ್ಮ ಬರುವ ಮೊದಲು ಇದನ್ನೆಲ್ಲ ತೆಗಿ ಮಾರಾಯ್ತಿ” ಎಂದರು. ಅತ್ತೆ ಮೊದಲ ಸಲ ವಿಸಿಟ್ ವೀಸಾದಲ್ಲಿ ಬರುವವರಿದ್ದರು. ಮಗ ಗಲ್ಫಿನಲ್ಲಿ ಹೇಗಿದ್ದಾನೆ ಎಂದು ಅವರು ಕಣ್ಣಾರೆ ನೋಡಲಿ ಎಂದು ಇವರು ಹೊಸ ಸೋಫಾ ಸೆಟ್ ತಂದಿಟ್ಟಿದ್ದರು. ಆ ಸೋಫಾದ ಮೇಲೆ ನಾನು ಗೋಣಿ ಹೊದಿಸಿದ್ದೆ. “ನಿಮಗೆ ಟೇಸ್ಟ್ ಇಲ್ಲ” ಎಂದೆ. ಅವರು ಮೂಗೊರೆಸಿಕೊಳ್ಳುತ್ತಾ ಒಳಗೆ ಹೋದರು. ಇವರು ಮಾತಿನಲ್ಲಿ ಬಲು ಜಿಪುಣರು. ಹೇಳಬೇಕಾದ್ದನ್ನು ಆಗಲೇ ಹೇಳಿದ್ದರೆ ನಾನು ಕುರ್ಚಿ ಹತ್ತಿ ಪರದೆ ಇಳಿಸುತ್ತಿದ್ದೆ.

ಅತ್ತೆ ಬಂದರು. ಮುಂಬಯಿಯಲ್ಲಿ ವಿಮಾನ ಬದಲಿಸಿ, ಒಬ್ಬರೇ, ಮಡಿಲಲ್ಲಿ ಉಪ್ಪಿನಕಾಯಿ ಭರಣಿ ಅವುಚಿಕೊಂಡು. ಒಳಗೆ ಕಾಲಿಟ್ಟವರು ಸೋಫಾದಲ್ಲಿ ಕೂರಲಿಲ್ಲ. ಸೀದಾ ಕಿಟಕಿಯ ಬಳಿ ಹೋಗಿ ಪರದೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು: “ದಿನೇಶನಿಗೆ ಕೆಲಸ ಉಂಟಲ್ವಾ ಮಗಾ?”

“ಉಂಟು ಅತ್ತೆ! ಇದು ಅಲಂಕಾರಕ್ಕೆ. ಶರತ್ಕಾಲ ಅಲ್ವಾ? ಇಂಗ್ಲಿಷಿನವರೆಲ್ಲ ಹೀಗೆ ಮಾಡ್ತಾರೆ.”

“ಆಯ್ತು ಮಗಾ” ಎಂದರು. ನಂಬದವರು ಹೇಳುವ ‘ಆಯ್ತು’ ಅದು.

ಅಡುಗೆಮನೆಯಲ್ಲಿ ಇವರು ನನಗೆ ಹೇಳಬೇಕಾದ್ದನ್ನು ಕೊನೆಗೂ ಹೇಳಿದರು. ನನ್ನ ಮಾವ, ನಾನು ಕಾಣದ ಮಾವ, ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು. ಇವರ ಬಾಲ್ಯದಲ್ಲಿ ಹಾಸಿಗೆ ಗೋಣಿ, ಬಾಗಿಲು ಗೋಣಿ, ಮಳೆಗೆ ತಲೆಯ ಮೇಲೆ ಗೋಣಿ. ಇವರಿಗೆ ಮೊದಲ ಸಂಬಳ ಬಂದಾಗ ಅತ್ತೆ ಮನೆಯಲ್ಲಿದ್ದ ಗೋಣಿಯನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಟ್ಟಿದ್ದರಂತೆ. “ಅಮ್ಮನನ್ನು ಇಷ್ಟು ದೂರ ಕರೆಸಿದ್ದು ಇದನ್ನು ತೋರಿಸ್ಲಿಕ್ಕಾ?” ಎಂದು ಇವರು ಕೇಳಿದಾಗ ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ನಮ್ಮದು ಮೂರನೇ ಮಹಡಿಯಾದ್ದರಿಂದ ಬಾಯಿಬಿಟ್ಟರೂ ಕೆಳಗಿನವರ ಮನೆಗೇ ಬೀಳಬೇಕಿತ್ತು.

ಮರುದಿನವೇ ಎಲ್ಲ ಕಿತ್ತು ಹಳೆಯ ಸ್ಯಾಟಿನ್ ಪರದೆ ಹಾಕಿದೆ. ಅತ್ತೆ ಅದನ್ನು ನೋಡಿ, “ಇದು ಯಾರತ್ರ ಕೇಳಿ ತಂದದ್ದು?” ಎಂದರು. ನಮ್ಮದೇ ಎಂದೆ. “ಆಯ್ತು ಮಗಾ.” ಅಲ್ಲಿಂದ ಅವರ ಉಳಿತಾಯ ಶುರುವಾಯಿತು. ನಾವು ಕೆಲಸಕ್ಕೆ ಹೋದೊಡನೆ ಏಸಿ ಆರಿಸಿ ಬೆವರುತ್ತಾ ಕೂರುವರು. ಚಹಾ ಅರ್ಧ ಲೋಟ ಸಾಕು ಎನ್ನುವರು. ಚಿನ್ನದ ಅಂಗಡಿ ನೋಡಲು ಕರೆದರೆ ಕಾಲುನೋವು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, ಕೈಯ ಬಳೆಯನ್ನು ಸೋಪು ಹಚ್ಚಿ ತೆಗೆದು ನನ್ನ ಅಂಗೈಯಲ್ಲಿಟ್ಟರು. “ಅವನಿಗೆ ಹೇಳ್ಬೇಡ. ಗಂಡಸರಿಗೆ ನಾಚಿಕೆ ಆಗ್ತದೆ. ಮಾರಿ ಏನಾದ್ರೂ ಮಾಡ್ಕೊ.” ನಾನು ಅಳುತ್ತಾ ಅದನ್ನು ಅವರ ಕೈಗೇ ತೊಡಿಸಿದೆ. ಅಳದೆ ತೊಡಿಸಬೇಕಿತ್ತು. ನಾನು ಅತ್ತ ಮೇಲೆ, ನಾವು ಕಷ್ಟದಲ್ಲಿದ್ದೇವೆ ಎಂಬುದರಲ್ಲಿ ಅವರಿಗೆ ಇದ್ದ ಒಂದಿಷ್ಟು ಅನುಮಾನವೂ ಹೋಯಿತು.

ಕೊನೆಗೆ ಸಾಕ್ಷಿಗೆಂದು ಮಾರ್ಗರೆಟ್ ಅವರನ್ನೇ ಚಹಾಕ್ಕೆ ಕರೆದೆ. ಗೋಣಿ ದಿಂಬುಗಳನ್ನು ಮತ್ತೆ ಹೊರತೆಗೆದಿಟ್ಟೆ. ಮಾರ್ಗರೆಟ್ ಅವನ್ನು ಕಂಡು ಹಿಗ್ಗಿ ಒಂದನ್ನು ಎದೆಗವಚಿಕೊಂಡರು. ನಾನು ಗೆದ್ದವಳಂತೆ ಅತ್ತೆಯ ಕಡೆ ತಿರುಗಿದೆ. “ನೋಡಿದ್ರಾ? ಇವರಿಗೆ ಎಷ್ಟು ಇಷ್ಟ! ಇವರ ಮನೆ ತುಂಬ ಗೋಣಿಯೇ.”

ಅತ್ತೆ ಗಾಬರಿಯಾದರು. “ಇವಳ ಮನೆಯಲ್ಲೂ ಗೋಣಿಯಾ? ಹಾಗಾದ್ರೆ ನಿನ್ನ ಸಂಬಳ ಎಲ್ಲಿಂದ ಬರ್ತದೆ ಮಗಾ?”

ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ಮಾರ್ಗರೆಟ್ ಅವರ ಕೈ ಹಿಡಿದುಕೊಂಡರು. “ಹೆದರ್ಬೇಡ ಅಮ್ಮಾ, ನಮಗೂ ಹೀಗೇ ಇತ್ತು. ದೇವರಿದ್ದಾನೆ” ಎಂದು ಬೆನ್ನು ಸವರಿದರು. ಏನು ಹೇಳುತ್ತಿದ್ದಾರೆ ಎಂದು ಮಾರ್ಗರೆಟ್ ಕೇಳಿದರು. ದಿಂಬು ಬಹಳ ಚಂದ ಎನ್ನುತ್ತಿದ್ದಾರೆ ಎಂದೆ. ಮಾರ್ಗರೆಟ್ ಹೊರಟಾಗ ಅತ್ತೆ ಆ ಬಡ ಹೆಂಗಸಿಗೆ ತಾವು ತಂದ ಉಪ್ಪಿನಕಾಯಿಯಲ್ಲಿ ಅರ್ಧ ಕಟ್ಟಿಕೊಟ್ಟರು.

ಅತ್ತೆ ಊರಿಗೆ ಮರಳಿದ ಮುಂದಿನ ಬೇಸಿಗೆಯಲ್ಲಿ ನಾವು ರಜೆಗೆ ಹೋದೆವು. ಸೂಟ್‌ಕೇಸ್ ತುಂಬ ಸೆಂಟು, ಸಾಬೂನು, ಮಕ್ಕಳಿಗೆ ಬಟ್ಟೆ. ಪ್ರತಿ ಸಲ ಸೂಟ್‌ಕೇಸ್ ತೆರೆಯುವ ಮೊದಲೇ ಸುತ್ತ ಕೂರುತ್ತಿದ್ದ ನೆಂಟರು ಈ ಸಲ ದೂರ ನಿಂತರು. “ನಿಮಗೇ ಕಷ್ಟ, ಇದೆಲ್ಲ ಯಾಕೆ ತರ್ಲಿಕ್ಕೆ ಹೋದದ್ದು?” ಎಂದು ಸೆಂಟನ್ನು ಮುಟ್ಟಲೂ ಒಲ್ಲರು. ಹೋದಲ್ಲೆಲ್ಲ ನನ್ನ ಎಲೆಗೆ ಕೇಳದೆಯೇ ಮತ್ತೊಂದು ಸಲ ಬಡಿಸಿದರು, ಇವರ ಹೆಗಲು ತಟ್ಟಿದರು. ಗಲ್ಫಿನವರ ಹೆಂಡತಿ ಎಂದು ನಾನು ವರ್ಷವರ್ಷವೂ ಕಟ್ಟಿಕೊಂಡು ಬಂದ ಗತ್ತು ಊರಿನ ತುಂಬ ‘ಪಾಪ’ ಎನ್ನುವ ಒಂದೇ ಮಾತಿನಲ್ಲಿ ಕರಗಿಹೋಯಿತು. ವಿವರಿಸುವುದನ್ನು ನಾನು ಬಿಟ್ಟುಬಿಟ್ಟೆ. ಶರತ್ಕಾಲ ಎಂದಷ್ಟೂ ಅವರು ನನ್ನನ್ನು ಹೆಚ್ಚು ಕನಿಕರದಿಂದ ನೋಡುತ್ತಿದ್ದರು.

ಹೊರಡುವ ದಿನ ನಾದಿನಿ ನನ್ನನ್ನು ಕೋಣೆಗೆ ಕರೆದು ಕಾಗದದ ಕಟ್ಟೊಂದನ್ನು ಕೈಗಿಟ್ಟಳು. “ಅತ್ತಿಗೆ, ಬೇಜಾರು ಮಾಡ್ಬೇಡಿ. ನಮ್ಮ ಹಳೇ ಕರ್ಟನು. ಬಟ್ಟೆ ಗಟ್ಟಿ ಉಂಟು, ಇನ್ನೂ ಸುಮಾರು ವರ್ಷ ಬರ್ತದೆ.”

ಅದನ್ನು ಅವಳ ಮುಖದ ಮೇಲೆ ಎಸೆದು ಬರುವಷ್ಟು ಸಿಟ್ಟು ನನಗೆ ಬರಬೇಕಿತ್ತು. ಬಿಡಿಸಿ ನೋಡಿದೆ. ಬಿಳಿ ನೆಲ, ತೆಳು ಹಸುರು ಬಳ್ಳಿ, ಅಂಚಿನಲ್ಲಿ ಒಳ್ಳೆಯ ಲೇಸು. ನಾನು ಕಣ್ಣೊರೆಸಿಕೊಳ್ಳುತ್ತಲೇ, ನಮ್ಮ ಗುಫೂಲಿನ ಕಿಟಕಿಗೆ ಇದರ ಉದ್ದ ಸಾಕಾದೀತೇ ಎಂದು ಮೊಳ ಹಾಕಿ ಅಳೆಯತೊಡಗಿದೆ.