ಹೇಳುವ ಅಳತೆ, ಹೊಲಿಯುವ ಅಳತೆ

ಇಡೀ ರಾದ್ಧಾಂತಕ್ಕೆ ಮೂಲ ಟೈಲರನ ಭಾವಮೈದ, ಅಂದರೆ ಹೆಂಡತಿಯ ತಮ್ಮ. ಎರಡು ದಿನ ಇದ್ದು ಹೋಗುತ್ತೇನೆಂದು ಬಂದವನು ಎಂಟನೇ ದಿನವೂ ಹೊರಡುವ ಸುದ್ದಿ ಎತ್ತದೆ, ಉಂಡ ಮನೆಗೆ ಏನಾದರೂ ಉಪಕಾರ ಮಾಡಿಯೇ ತೀರುತ್ತೇನೆಂದು ಹಿಂದಿನ ಸಂಜೆ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತಿದ್ದ.

"ಭಾವ, ಇದ್ರ ಹಾರ್ಡ್‌ಡಿಸ್ಕಲ್ಲಿ ಸಿ ಅಂತ ಒಂದು ಕೋಣೆ, ಡಿ ಅಂತ ಒಂದು ಕೋಣೆ ಇದೆ. ಸಿ ತುಂಬಿ ಉಸಿರು ಕಟ್ತಿದೆ. ಮಧ್ಯದ ಗೋಡೆ ಒಡೆದುಬಿಟ್ರೆ ಒಂದೇ ದೊಡ್ಡ ಹಾಲ್ ಆಗುತ್ತೆ. ಒಡೀಲಾ?"

ಟೈಲರನ ಬಾಯಲ್ಲಿ ನಾಲ್ಕು ಗುಂಡುಸೂಜಿ ಇದ್ದವು. "ಹೂಂ" ಎನ್ನುವುದು ಬಿಟ್ಟು ಬೇರೇನೂ ಹೇಳಲು ಆಗುತ್ತಿರಲಿಲ್ಲ. ಗೋಡೆ ಅರ್ಧ ಒಡೆದಿರುವಾಗ ಇಸ್ತ್ರಿಪೆಟ್ಟಿಗೆಗೆ ಪ್ಲಗ್ಗು ಬೇಕಾಯಿತು. ಟೈಲರ ಹಿಂದೆಮುಂದೆ ನೋಡದೆ ಕಂಪ್ಯೂಟರಿನ ವೈರು ಕಿತ್ತ.

ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆ. ಅದರ ಮೂಲೆಯಲ್ಲಿ ಬಿಳಿ ಅಕ್ಷರದ ಒಂದೇ ಸಾಲು. ಸಿ ಕೋಣೆಯೂ ಇಲ್ಲ, ಡಿ ಕೋಣೆಯೂ ಇಲ್ಲ, ಭಾವಮೈದ ಹೇಳಿದ ದೊಡ್ಡ ಹಾಲಂತೂ ಇಲ್ಲವೇ ಇಲ್ಲ.

"ಏನಿತ್ತು ಭಾವ ಆ ಡಿ ಒಳಗೆ?" ಎಂದು ಭಾವಮೈದ ಮೆಲ್ಲಗೆ ಕೇಳಿದ.

"ನನ್ನ ಪ್ರಾಣ ಇತ್ತು," ಎಂದ ಟೈಲರ.

ಅದು ಸುಳ್ಳಲ್ಲ. ಅಂಗಡಿಯ ಮೇಲೆ ಅಷ್ಟಗಲದ ಬೋರ್ಡು ಹಾಕಿಸಿದ್ದ: 'ಒಮ್ಮೆ ಅಳತೆ ಕೊಡಿ, ಜೀವನಪರ್ಯಂತ ಮರೆತುಬಿಡಿ.' ಹದಿನಾರು ವರ್ಷಗಳ ಗಿರಾಕಿಗಳ ಅಳತೆಯೆಲ್ಲ ಆ ಡಿ ಒಳಗೇ ಇತ್ತು. ಆದರೆ ಬೋರ್ಡಿನಲ್ಲಿ ಬರೆಯದ ಒಂದು ಗುಟ್ಟೂ ಅಲ್ಲೇ ಇತ್ತು. ಮನುಷ್ಯ ಅಳತೆಯನ್ನು ಮರೆಯಬಹುದು, ಹೊಟ್ಟೆ ಮರೆಯುತ್ತದೆಯೇ? ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಟೈಲರ ಕಣ್ಣಲ್ಲೇ ಅಳೆದುಬಿಡುತ್ತಿದ್ದ. ಈ ವರ್ಷ ಅರ್ಧ ಇಂಚು, ಬರುವ ವರ್ಷ ಇನ್ನರ್ಧ ಎಂದು ಸದ್ದಿಲ್ಲದೆ ಏರಿಸುತ್ತಿದ್ದ. ಹಾಗಾಗಿ ಅವನ ಫೈಲಿನಲ್ಲಿ ಎರಡು ಕಾಲಂ. ಒಂದು 'ಹೇಳುವ ಅಳತೆ', ಇನ್ನೊಂದು 'ಹೊಲಿಯುವ ಅಳತೆ'. ಶಾಲೆಯ ಪಿ.ಟಿ. ಮೇಷ್ಟ್ರು ಹದಿನಾರು ವರ್ಷದಿಂದ ಮೂವತ್ತೆರಡು ಇಂಚಿನ ಸೊಂಟದ ಸರದಾರ. ಹೊಲಿಯುವುದು ಮಾತ್ರ ಮೂವತ್ತೇಳಕ್ಕೆ. ಬಟ್ಟೆ ಹಾಕಿಕೊಂಡು ಕನ್ನಡಿ ನೋಡಿದವರೆಲ್ಲ "ನಾನು ಒಂಚೂರೂ ಬದಲಾಗಿಲ್ಲ ಅಲ್ವಾ?" ಎಂದು ಖುಷಿಯಾಗಿ ಹೋಗುತ್ತಿದ್ದರು. ಎದುರಿಗೆ ಮೂರು ಮಹಡಿಯ ರೆಡಿಮೇಡ್ ಅಂಗಡಿ ಬಂದಮೇಲೂ ಟೈಲರನ ಒಲೆ ಉರಿಯುತ್ತಿದ್ದದ್ದು ಈ ಗುಟ್ಟಿನಿಂದಲೇ.

ಈಗ ಶಾಲೆಗೆ ಐವತ್ತು ವರ್ಷದ ಸಮಾರಂಭ. ಹನ್ನೆರಡು ಜನ ಶಿಕ್ಷಕರಿಗೆ ಹನ್ನೆರಡು ಕೋಟು. ಹೆಡ್‌ಮೇಡಂ ಹಿಂದಿನ ದಿನವೇ ಖಡಾಖಂಡಿತವಾಗಿ ಹೇಳಿದ್ದರು: "ಯಾರಿಗೂ ಅಳತೆ ಕೊಡೋಕೆ ಪುರುಸೊತ್ತಿಲ್ಲ. ನಿಮ್ಮ ಕಂಪ್ಯೂಟರಲ್ಲಿ ಇದೆಯಲ್ಲ, ಅದಕ್ಕೇ ಎದುರಿನ ಅಂಗಡಿ ಬಿಟ್ಟು ನಿಮಗೆ ಕೊಟ್ಟಿದ್ದು. ನಾಳೆ ಸಂಜೆ ಐದಕ್ಕೆ ಬಂದು ನೋಡ್ತೀನಿ, ಕಟಿಂಗ್ ಮುಗಿದಿರಬೇಕು. ಸರಿಹೋದ್ರೆ ಇಡೀ ಶಾಲೆ ಮಕ್ಕಳ ಯೂನಿಫಾರಂ ನಿಮಗೇ." ಯೂನಿಫಾರಂ ಸಿಕ್ಕರೆ ಅಂಗಡಿ ಉಳಿಯಿತು. ಇಲ್ಲದಿದ್ದರೆ ಮೂರು ಮಹಡಿಯವನ ಮುಂದೆ ಎಷ್ಟು ದಿನ ಅಂತ ಒಂಟಿ ಕಾಲಲ್ಲಿ ನಿಲ್ಲುವುದು?

"ಹೋದದ್ದು ಹೋಯ್ತು ಬಿಡ್ರೀ," ಎಂದಳು ಹೆಂಡತಿ, ಯಾಕೋ ತುಸು ಅವಸರದಲ್ಲೇ. "ಆ ಫೈಲು ಸಿಗದಿದ್ರೂ ಪರವಾಗಿಲ್ಲ. ಟೇಪು ತಗೊಂಡು ಎಲ್ಲರ್ದೂ ಹೊಸದಾಗಿ ಅಳೆದುಬಿಡೋಣ."

"ಅಳೆಯೋದಾ? ಪಿ.ಟಿ. ಮೇಷ್ಟ್ರ ಮುಂದೆ ಮೂವತ್ತೇಳು ಅಂತ ಟೇಪು ಹಿಡಿಯೋದಾ? ಎಲ್ರೂ ನನ್ನ ಹಾಗೆ ಇರ್ತಾರಾ? ಮದುವೆ ದಿನ ಮೂವತ್ನಾಲ್ಕು, ಇವತ್ತೂ ಮೂವತ್ನಾಲ್ಕು!" ಎಂದು ಟೈಲರ ತನ್ನ ಪ್ಯಾಂಟಿನ ಪಟ್ಟಿಯೊಳಗೆ ಹೆಬ್ಬೆರಳು ತೂರಿಸಿ ಅತ್ತಿತ್ತ ಆಡಿಸಿ ತೋರಿಸಿದ. ಅವನ ಬಟ್ಟೆ ಹೊಲಿಯುವುದು ಹೆಂಡತಿಯ ಕೆಲಸ. ಟೈಲರ ತನ್ನ ಬಟ್ಟೆ ತಾನೇ ಹೊಲಿದುಕೊಂಡರೆ ಗಿರಾಕಿಯಾಗಿ ಯಾರನ್ನು ಬೈಯುವುದು ಎಂಬುದು ಅವನ ವಾದ.

ಹೆಂಡತಿ ಅಂಗಿಯೊಂದನ್ನು ಎಳೆದುಕೊಂಡು ಗುಂಡಿಯ ಕಾಜಾ ಹೊಲಿಯಲು ಕೂತಳು.

ಅಷ್ಟರಲ್ಲಿ ಪಕ್ಕದ ಸಲೂನಿನವನು ಕತ್ತರಿ ಹಿಡಿದುಕೊಂಡೇ ಬಂದ. ಗಿರಾಕಿಯ ಅರ್ಧ ತಲೆ ಅಲ್ಲೇ ಬಿಟ್ಟು ಬಂದಿದ್ದ. "ಹಾರ್ಡ್‌ಡಿಸ್ಕಾ? ಬಿಸಿಯಾಗಿರುತ್ತೆ. ಬಿಚ್ಚಿ ಫ್ರಿಜ್ಜಲ್ಲಿಡಿ. ನಮ್ಮ ಷಡ್ಡಕನ ಮನೇಲಿ ಹಂಗೇ ಸರಿಹೋಯ್ತು."

"ಸುಮ್ನಿರಪ್ಪಾ, ನಿನ್ನ ಷಡ್ಡಕನ ಕತೆ ಆಮೇಲೆ," ಎಂದು ಟೈಲರ ರಿಪೇರಿ ಅಮ್ಮನಿಗೆ ಫೋನು ಹಚ್ಚಿದ.

ರಿಪೇರಿ ಅಮ್ಮ ಎಂದರೆ ಆ ಬೀದಿಯ ಕಂಪ್ಯೂಟರುಗಳಿಗೆಲ್ಲ ಡಾಕ್ಟರು. ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಮಾತು ಕಡಿಮೆ, ಬೈಗುಳ ಜಾಸ್ತಿ. ಬಂದವರೇ ಪೆಟ್ಟಿಗೆ ಬಿಚ್ಚಿದರು. ಒಳಗೆ ನೋಡಿದರು.

"ಎಲ್ರೀ ಹಾರ್ಡ್‌ಡಿಸ್ಕು?"

ಟೈಲರ ಭಾವಮೈದನ ಮುಖ ನೋಡಿದ. ಭಾವಮೈದ ಸಲೂನಿನವನ ಮುಖ ನೋಡಿದ. ಸಲೂನಿನವನು ತನ್ನ ಅರ್ಧ ತಲೆಯ ಗಿರಾಕಿಯ ನೆನಪಾಗಿ ಹೊರಟೇಹೋದ. ಹಾರ್ಡ್‌ಡಿಸ್ಕು ಮಹಡಿಯ ಮೇಲಿನ ಫ್ರಿಜ್ಜಿನಲ್ಲಿ, ಬಟಾಣಿ ಪೊಟ್ಟಣದ ಕೆಳಗೆ ತಣ್ಣಗೆ ಮಲಗಿತ್ತು.

"ನಿಮ್ಮ ತಲೆ ಇಡಬೇಕಿತ್ತು ಅದ್ರೊಳಗೆ!" ಎಂದರು ರಿಪೇರಿ ಅಮ್ಮ. ಟವೆಲಿನಲ್ಲಿ ಸುತ್ತಿ, ತೇವ ಆರಲು ಎರಡು ಗಂಟೆ ಬೇಕೆಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಹೆದರಬೇಡಿ. ಪುಸ್ತಕದ ಪರಿವಿಡಿ ಹರಿದು ಹೋದ್ರೆ ಒಳಗಿನ ಪುಟಗಳು ಹೋಗ್ತವಾ? ಕಳೆದಿರೋದು ಪರಿವಿಡಿ. ನನ್ನ ಮೆಷಿನ್ನಿಗೆ ಹಾಕಿ ಪುಟ ಪುಟ ಹುಡುಕಿಸ್ತೀನಿ. ಅಲ್ಲೀವರೆಗೂ ಇದ್ರ ಮೇಲೆ ಯಾರೂ ಏನೂ ಬರೀಬಾರ್ದು, ಯಾರೂ ಮುಟ್ಟಬಾರ್ದು. ಮುಖ್ಯವಾಗಿ ಈ ಮಹಾನುಭಾವ," ಎಂದು ಭಾವಮೈದನ ಕಡೆ ಸ್ಕ್ರೂಡ್ರೈವರ್ ತೋರಿಸಿದರು.

"ಐದರೊಳಗೆ ಆಗುತ್ತಾ ಅಮ್ಮಾ?"

"ಆಗಬಹುದು. ಆಗದೇನೂ ಇರಬಹುದು."

ಕೈಕಟ್ಟಿ ಕೂತರೆ ಕೆಲಸ ಕೆಡುತ್ತದೆಂದು ಟೈಲರ ಇನ್ನೊಂದು ದಾರಿ ಹುಡುಕಿದ. ಕಣ್ಣಳತೆಯಲ್ಲಿ ಅರ್ಧ ಇಂಚು ಏರಿಸಬಹುದು, ಹಳೆಯ ಅಂಕಿಯೇ ಇಲ್ಲದೆ ಪೂರ್ತಿ ಕೋಟು ಕತ್ತರಿಸಲಾದೀತೇ? ಒಂದು ಕರಿದಾರದ ಉಂಡೆ, ಒಂದು ತುಂಡು ಬಟ್ಟೆಸೀಮೆಸುಣ್ಣ ಜೇಬಿಗಿಳಿಸಿ ಮಧ್ಯಾಹ್ನದ ಊಟದ ಬಿಡುವಿಗೆ ಸರಿಯಾಗಿ ಶಾಲೆಗೆ ಹೋದ.

ಮೈದಾನದಲ್ಲಿ ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಿದ್ದರು. "ಮೇಷ್ಟ್ರೇ!" ಎಂದು ಟೈಲರ ಓಡಿ ಹೋಗಿ ಗಟ್ಟಿಯಾಗಿ ತಬ್ಬಿಕೊಂಡ. ಬೆನ್ನ ಹಿಂದಿನಿಂದ ದಾರ ಸುತ್ತಿ ಬಂತು.

"ಏನ್ರೀ ಇದು, ಏನಾಯ್ತು?"

"ಏನಿಲ್ಲ ಮೇಷ್ಟ್ರೇ, ನಿಮ್ಮನ್ನ ನೋಡಿ ತುಂಬ ದಿನ ಆಯ್ತಲ್ಲ, ಅದಕ್ಕೆ."

"ನಿನ್ನೆ ಸಂಜೆ ನಿಮ್ಮ ಅಂಗಡೀಲೇ ಕಾಫಿ ಕುಡಿದ್ನಲ್ರೀ!"

ಟೈಲರ ಮರದ ಮರೆಗೆ ಹೋಗಿ ದಾರಕ್ಕೊಂದು ಗಂಟು ಹಾಕಿದ. ಹೀಗೆ ಐವರು ಮೇಷ್ಟ್ರುಗಳನ್ನೂ ಒಬ್ಬೊಬ್ಬರಾಗಿ ತಬ್ಬಿ ಐದು ಗಂಟು ಹಾಕಿದ್ದಾಯಿತು. ವಿಜ್ಞಾನದ ಮೇಷ್ಟ್ರು ಕೈಯಲ್ಲಿ ಊಟದ ಡಬ್ಬಿ ಹಿಡಿದಿದ್ದರಿಂದ ಅವರ ಲೆಕ್ಕಕ್ಕೆ ಎರಡು ಇಂಚು ಡಬ್ಬಿಯೂ ಸೇರಿತು.

ಮೇಡಂಗಳನ್ನು ತಬ್ಬಲಾದೀತೇ? ಏಟು ಬೀಳುತ್ತದೆ. ಟೈಲರ ಸ್ಟಾಫ್‌ರೂಮಿನ ಬಾಗಿಲ ಪಕ್ಕ ನಿಂತು, ಒಬ್ಬೊಬ್ಬರು ಹಾದುಹೋದಾಗ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದ. ಸುಣ್ಣದ ಪುಡಿ ಕಣ್ಣಿಗೆ ಬಿದ್ದು ಧಾರಾಕಾರ ನೀರು. ಏಳನೇ ಗೀಟು ಎಳೆಯುವಷ್ಟರಲ್ಲಿ ಗಣಿತದ ಮೇಡಂ, "ಯಾವ ಕತ್ತೆ ಇಲ್ಲಿ ಗೀಚಿದ್ದು?" ಎಂದು ಡಸ್ಟರಿನಿಂದ ಏಳನ್ನೂ ಒರೆಸಿ ಹಾಕಿದರು. ಟೈಲರನ ಕಣ್ಣೀರು ನೋಡಿ ಅವರ ದನಿ ಇಳಿಯಿತು. "ಯಾಕ್ರೀ, ಏನಾದ್ರೂ ತೊಂದರೇನಾ?"

"ಏನಿಲ್ಲ ಮೇಡಂ, ನಿಮ್ಮನ್ನೆಲ್ಲ ಒಂದ್ಸಲ ಕಣ್ತುಂಬ ನೋಡಿ ಹೋಗೋಣ ಅಂತ ಬಂದೆ," ಎಂದ ಟೈಲರ. ಬಾಯಿಗೆ ಬಂದದ್ದು ಅದೊಂದೇ.

ಹೋಗಲಿ, ಐದು ಗಂಟಾದರೂ ಇದೆಯಲ್ಲ ಎಂದು ಅಂಗಡಿಗೆ ಬಂದು, ದಾರವನ್ನು ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದ. ಬಂದು ನೋಡಿದರೆ ದಾರ ನುಣ್ಣಗೆ ಉಂಡೆಯಾಗಿ ಕೂತಿತ್ತು.

"ಯಾರೋ ಪುಣ್ಯಾತ್ಮರು ಒಳ್ಳೇ ದಾರಕ್ಕೆ ಗಂಟು ಹಾಕಿಬಿಟ್ಟಿದ್ರು ಕಣ್ರೀ," ಎಂದಳು ಹೆಂಡತಿ. "ಐದನ್ನೂ ಬಿಡಿಸೋ ಹೊತ್ತಿಗೆ ಉಗುರು ಕಿತ್ತು ಬಂತು."

ಟೈಲರ ಸ್ಟೂಲಿನ ಮೇಲೆ ಕುಸಿದ. ಮೂಲೆಯಲ್ಲಿ ರಿಪೇರಿ ಅಮ್ಮ ತಂದಿಟ್ಟ ಮೆಷಿನ್ನು ಶೇಕಡಾ ಅರವತ್ತೊಂದು ಎಂದು ತೋರಿಸುತ್ತಿತ್ತು.

ನಾಲ್ಕಕ್ಕೆ ಎಪ್ಪತ್ತೆಂಟು. ನಾಲ್ಕೂವರೆಗೆ ಎಂಬತ್ತೊಂಬತ್ತು. ಐದಕ್ಕೆ ಹತ್ತು ನಿಮಿಷ ಇರುವಾಗ ತೊಂಬತ್ತಾರಕ್ಕೆ ಬಂದು ಹಟಮಾರಿ ಎತ್ತಿನ ಹಾಗೆ ನಿಂತುಬಿಟ್ಟಿತು. ಆಗ ಬೀದಿಯಲ್ಲಿ ಹೆಜ್ಜೆ ಸದ್ದಾಯಿತು. ಹೆಡ್‌ಮೇಡಂ ಒಬ್ಬರೇ ಬರಬೇಕಿತ್ತು. ಬಂದದ್ದು ಹನ್ನೆರಡು ಜನ. ಪಿ.ಟಿ. ಮೇಷ್ಟ್ರ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಗೋಡೆಗಡಿಯಾರ, ಕಣ್ಣಲ್ಲಿ ನೀರು.

"ಒಂದು ಮಾತು ಹೇಳದೆ ಅಂಗಡಿ ಮುಚ್ಚಿ ಹೊರಟುಬಿಡೋದೇನ್ರೀ?" ಎಂದರು ಮೇಷ್ಟ್ರು, ಗದ್ಗದವಾಗಿ. "ಅಪ್ಪಿಕೊಂಡಾಗಲೇ ನಂಗೆ ಅನುಮಾನ ಬಂತು. ಎಲ್ರೂ ಸೇರಿ ಈ ಗಡಿಯಾರ ತಂದಿದೀವಿ. ಎಲ್ಲಿದ್ರೂ ನಮ್ಮ ನೆನಪಿರಲಿ."

"ಅಯ್ಯೋ, ನಾನೆಲ್ಲಿಗೆ ಹೋಗ್ತಿದೀನಿ ಮೇಷ್ಟ್ರೇ? ಇಲ್ಲೇ ಇದೀನಲ್ಲ!"

"ಮತ್ತೆ ತಬ್ಬಿದ್ಯಾಕೆ?" ಎಂದರು ಐವರೂ ಒಟ್ಟಿಗೆ.

"ಅತ್ತಿದ್ಯಾಕೆ?" ಎಂದರು ಗಣಿತದ ಮೇಡಂ.

ಹೆಡ್‌ಮೇಡಂ ಮಾತ್ರ ಕಟಿಂಗ್ ಮೇಜಿನ ಕಡೆ ನೋಡಿದರು. ಬಟ್ಟೆಯ ಥಾನು ಮಡಿಕೆ ಬಿಚ್ಚದೆ ಮಲಗಿತ್ತು. "ಕೋಟು ಎಲ್ಲಿ?" ಎಂದರು.

ಟೈಲರ ಬಾಯಿ ತೆರೆದ. ಅಷ್ಟರಲ್ಲಿ ಮೂಲೆಯಿಂದ ರಿಪೇರಿ ಅಮ್ಮ ಕೂಗಿದರು: "ಸಿಕ್ತು! ಸಿ ಸಿಕ್ತು, ಡಿ ಸಿಕ್ತು, ಒಳಗಿಂದು ಎಲ್ಲಾ ಇದೆ! ಯಾವುದ್ರೀ ನಿಮ್ಮ ಫೈಲು, ಇದೇನಾ?"

"ತೆರೀಬೇಡಿ!" ಎಂದು ಟೈಲರ ಕಿರುಚುವಷ್ಟರಲ್ಲಿ ಫೈಲು ತೆರೆದುಕೊಂಡಿತ್ತು, ಹನ್ನೆರಡೂ ತಲೆ ಪರದೆಯ ಮುಂದೆ ಒಂದಾಗಿದ್ದವು. ಹೆಡ್‌ಮೇಡಂ ಪಾಠ ಓದುವ ದನಿಯಲ್ಲಿ ಓದಿದರು.

"ಹೇಳುವ ಅಳತೆ. ಹೊಲಿಯುವ ಅಳತೆ." ಕನ್ನಡಕ ಮೇಲೇರಿಸಿದರು. "ಪಿ.ಟಿ. ಮೇಷ್ಟ್ರು: ಮೂವತ್ತೆರಡು. ಮೂವತ್ತೇಳು."

ಗಣಿತದ ಮೇಡಂ ಕಿಸಕ್ಕೆಂದು ನಕ್ಕರು. ಮುಂದಿನ ಸಾಲು ತಮ್ಮದೇ ಎಂದು ತಿಳಿದಾಗ ನಿಲ್ಲಿಸಿದರು. ಹನ್ನೆರಡು ಮುಖಗಳೂ ಸಿಟ್ಟಿನಿಂದ ಟೈಲರನ ಕಡೆ ತಿರುಗಿದವು. ಅಲ್ಲಿಗೆ ಯೂನಿಫಾರಮ್ಮೂ ಹೋಯಿತು, ಹದಿನಾರು ವರ್ಷದ ಮರ್ಯಾದೆಯೂ ಹೋಯಿತು ಎಂದುಕೊಂಡ ಟೈಲರ.

ಇದ್ಯಾವುದೂ ರಿಪೇರಿ ಅಮ್ಮನ ತಲೆಗೆ ಹೋಗಲಿಲ್ಲ. "ಕೊನೇವರೆಗೂ ಬಂದಿದೆಯಾ ನೋಡಬೇಕು," ಎಂದು ಅವರು ಫೈಲನ್ನು ಸರಸರ ಕೆಳಗೆ ಓಡಿಸಿದರು. ಗಿರಾಕಿಗಳೆಲ್ಲ ಮುಗಿದು ಖಾಲಿ ಸಾಲುಗಳು ಬಂದವು. ನೂರಾರು ಖಾಲಿ ಸಾಲು ದಾಟಿ, ಟೈಲರ ಯಾವತ್ತೂ ಹೋಗಿರದ ತಳದಲ್ಲಿ ಒಂದೇ ಒಂದು ಸಾಲಿತ್ತು.

'ನಮ್ಮೆಜಮಾನ್ರು. ಹೇಳುವ ಅಳತೆ: 34. ಹೊಲಿಯುವ ಅಳತೆ: 40. (ಅವರಿಗೆ ಹೇಳಬಾರದು.)'

ಹೆಂಡತಿ ಕಾಜಾ ಹೊಲಿಯುತ್ತಿದ್ದ ಬಟ್ಟೆಯೊಳಗೆ ಮುಖ ಹುದುಗಿಸಿದಳು.

ಟೈಲರ ಸಾಲನ್ನು ಎರಡು ಸಲ ಓದಿದ. ಹೆಬ್ಬೆರಳು ತಾನಾಗಿಯೇ ಪ್ಯಾಂಟಿನ ಪಟ್ಟಿಗೆ ಹೋಯಿತು. ಆಮೇಲೆ, ನಿಜವಾದ ಅಳತೆ ಗೊತ್ತಾದರೆ ಅವನ ಗಿರಾಕಿಗಳು ಏನು ಹೇಳುತ್ತಿದ್ದರೋ ಅದನ್ನೇ ಅವನೂ ಹೇಳಿದ. "ಸುಳ್ಳು! ಇದು ಶುದ್ಧ ಸುಳ್ಳು! ಫ್ರಿಜ್ಜಲ್ಲಿಟ್ಟಿದ್ದಕ್ಕೆ ಅಂಕಿ ಕೆಟ್ಟಿದೆ. ವಾಪಸ್ ಬರುವಾಗ ಆರು ಇಂಚು ಸೇರ್ಕೊಂಡಿದೆ!"

"ಹೌದು!" ಎಂದರು ಪಿ.ಟಿ. ಮೇಷ್ಟ್ರು ತಕ್ಷಣ. "ನನ್ನದ್ರಲ್ಲೂ ಐದು ಸೇರ್ಕೊಂಡಿದೆ!"

"ಹೌದು ಹೌದು, ಫೈಲು ಪೂರ್ತಿ ಹಾಳಾಗಿದೆ, ಒಂದು ಅಂಕೀನೂ ನಂಬೋ ಹಾಗಿಲ್ಲ," ಎಂದರು ಎಲ್ಲರೂ ಒಕ್ಕೊರಲಿನಿಂದ. ಸಿಟ್ಟಾಗಿದ್ದ ಮುಖಗಳೆಲ್ಲ ಒಂದೇ ಕ್ಷಣದಲ್ಲಿ ಅರಳಿದವು. ಟೈಲರನಿಗೆ ಹೋದ ಜೀವ ಬಂದಂತಾಯಿತು.

"ರೀ, ನಾನು ತೆಗೆದ ಫೈಲಲ್ಲಿ ಒಂದು ಚುಕ್ಕೇನೂ ಆಚೀಚೆ ಆಗಲ್ಲ!" ಎಂದು ರಿಪೇರಿ ಅಮ್ಮ ಎದ್ದು ನಿಂತರು. ಅವರ ಮಾತು ಯಾರಿಗೂ ಬೇಕಿರಲಿಲ್ಲ.

ಹೆಡ್‌ಮೇಡಂ ಒಂದು ನಿಮಿಷ ಪರದೆ ನೋಡಿದರು, ಒಂದು ನಿಮಿಷ ಟೈಲರನನ್ನು ನೋಡಿದರು. ತುಟಿಯಂಚಿನಲ್ಲಿ ಒಂದು ನಗು ಬಂದು ಹೋಯಿತು. "ಫೈಲು ಹಾಳಾಗಿದೆ ಅಂತ ನೀವೇ ಒಪ್ಕೊಂಡ್ರಲ್ಲ. ಹಾಗಾದ್ರೆ ಬೇರೆ ದಾರಿ ಇಲ್ಲ. ಎಲ್ಲರೂ ಸಾಲಾಗಿ ನಿಂತ್ಕೊಳ್ಳಿ. ಈಗಲೇ, ಇಲ್ಲೇ, ಟೇಪಲ್ಲಿ ಅಳತೆ ಆಗ್ಲಿ."

ಬೆಳಿಗ್ಗೆಯಿಂದ ಯಾವುದನ್ನು ತಪ್ಪಿಸಲು ಟೈಲರ ಊರೆಲ್ಲ ತಬ್ಬಿಕೊಂಡು ಬಂದನೋ, ಅದೇ ಸಂಜೆ ಐದಕ್ಕೆ ಮೆಟ್ಟಿಲೇರಿ ಬಂದು ಕೂತಿತು.

"ಮೇಡಂ, ಯೂನಿಫಾರಂ...?" ಎಂದ ಟೈಲರ ಸಣ್ಣ ದನಿಯಲ್ಲಿ.

"ಅದು ನಿಮಗೇ ರೀ. ಇಷ್ಟು ವರ್ಷ ನಮ್ಮನ್ನೆಲ್ಲ ಇಷ್ಟು ಚೆನ್ನಾಗಿ ಕಾಪಾಡಿದೀರಲ್ಲ," ಎಂದರು ಹೆಡ್‌ಮೇಡಂ. "ಮಕ್ಕಳಿಗೆ ಎರಡೆರಡು ಕಾಲಂ ಬೇಕಾಗಿಲ್ಲ. ಬೆಳೆದಿದೀಯ ಅಂದ್ರೆ ಅವು ಕುಣಿದಾಡ್ತವೆ. ಆದ್ರೆ ಇವತ್ತು ಮೊದಲು ನಿಮ್ಮಿಂದಲೇ ಶುರುವಾಗ್ಲಿ. ಆಗ ನಮಗೂ ಧೈರ್ಯ ಬರುತ್ತೆ."

ಸಾಲಿನಲ್ಲಿ ನಿಂತ ಹನ್ನೆರಡು ಜನರೂ ಆಗಲೇ ಹೊಟ್ಟೆ ಒಳಗೆಳೆದುಕೊಂಡಿದ್ದರು. ಟೈಲರನೂ ಎಳೆದುಕೊಂಡ. ಹೆಂಡತಿ ಟೇಪು ಹಿಡಿದು ಬಂದು ಸೊಂಟಕ್ಕೆ ಸುತ್ತಿದಳು.

"ಉಸಿರು ಬಿಡ್ರೀ."

"ಬಿಟ್ಟಿದೀನಲ್ಲ."

"ಪೂರ್ತಿ ಬಿಡ್ರೀ."

ಟೈಲರ ಬಿಟ್ಟ. ಟೇಪು ಹೆಂಡತಿಯ ಬೆರಳ ಸಂದಿಯಿಂದ ಜಾರಿ ಜಾರಿ ಒಂದು ಕಡೆ ನಿಂತಿತು. ಎಲ್ಲರಿಗಿಂತ ಮೊದಲು ಬಗ್ಗಿ ಓದಿದವರು ರಿಪೇರಿ ಅಮ್ಮ.

"ನಲವತ್ತೆರಡು!" ಎಂದರು, ಗೆದ್ದ ದನಿಯಲ್ಲಿ. "ನನ್ನ ಫೈಲೇ ವಾಸಿ ಕಣ್ರೀ, ಎರಡು ಇಂಚು ಕಡಿಮೆ ಹೇಳಿತ್ತು."

ಟೈಲರ ಹೆಂಡತಿಯ ಮುಖ ನೋಡಿದ. ಅವಳು ಟೇಪು ಸುತ್ತಿಡುತ್ತಾ ಮೆಲ್ಲಗೆ ಹೇಳಿದಳು: "ಬರೀವಾಗ ನಂಗೂ ಮನಸ್ಸಾಗ್ಲಿಲ್ಲ ಕಣ್ರೀ."