ಬೆಂಕಿಪೊಟ್ಟಣದ ಭಜನೆ

ಸಾವಿನ ಮನೆಯಲ್ಲಿ ನಗಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಮೈಕ್‌ಸೆಟ್ಟಿನವನ ಕರ್ಮ ನೋಡಿ, ನಗು ಬರುವಂಥದ್ದೆಲ್ಲ ನಡೆಯುವುದು ಅಲ್ಲೇ. ಮೊನ್ನೆ ಒಂದು ಹೆಣದ ಮುಂದೆ ಮೊಬೈಲಿನಿಂದ ದೇವರ ಹಾಡು ಹಾಕಿದ್ದೆ. ನಡುವೆ ಜಾಹೀರಾತು ನುಗ್ಗಿತು. ಹೆಂಗಸೊಬ್ಬಳು ಇಡೀ ಬೀದಿಗೆ ಕೇಳುವ ಹಾಗೆ, "ನಿಮ್ಮ ಕನಸಿನ ಮನೆಗೆ ಜಾಗ ಹುಡುಕುತ್ತಿದ್ದೀರಾ?" ಎಂದಳು. ಗುಂಡಿ ತೋಡಲು ಹಾರೆ ಹಿಡಿದು ಹೊರಟಿದ್ದವನು ನಿಂತು, "ನೋಡಾಗದೆ ಬುಡವ್ವ" ಅಂದ.

ಮದ್ದೂರಿನಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ಮದುವೆ, ತಿಥಿ, ಚುನಾವಣೆ, ಸಾವು, ಎಲ್ಲಕ್ಕೂ ಹೋಗುತ್ತೇನೆ. ಜನ ಕರೆಯುವುದು ಸೌಂಡಪ್ಪ ಎಂದು. ಮೊಬೈಲಿಗೆ ಹಾಡು ಹೇಳುವ ಬುದ್ಧಿ ಬರುವ ಮೊದಲು ಎಂಪಿತ್ರೀ ಪ್ಲೇಯರ್ ಅಂತ ಒಂದು ಪುಟಾಣಿ ಸಾಮಾನು ಬಂದಿತ್ತಲ್ಲ, ಅದನ್ನು ಈ ಕಡೆ ಮೊದಲು ತಂದವರಲ್ಲಿ ನಾನೂ ಒಬ್ಬ. ಕೊಂಡವರಲ್ಲಿ ಕೆಲವರು ಅದನ್ನು ಕೊಂಡಾಡಿದರು, ಕೆಲವರು ಗೋಡೆಗೆ ಎಸೆದರು. ನನಗೆ ಎರಡೂ ಆಸೆ ಇತ್ತು.

೧. ಬಾಯಿ ಬಿಡದ ಯಂತ್ರ

ಅದಕ್ಕೆ ಮುಂಚೆ ಕ್ಯಾಸೆಟ್ಟು. ಟೇಪು ಸುತ್ತಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸುತ್ತಾ ಕೂರಬೇಕು. ಹೀಗಿರುವಾಗ ಬೆಂಗಳೂರಿನ ಬಜಾರಿನಲ್ಲಿ ಬೆಂಕಿಪೊಟ್ಟಣದಷ್ಟೇ ಇದ್ದ ಪ್ಲೇಯರ್ ಕಂಡು ಮರುಳಾದೆ. ಒಂದೇ ಒಂದು ಪೆನ್ಸಿಲ್ ಸೆಲ್ಲು, ಒಳಗೆ ಮೂರ್ನಾಲ್ಕು ಕ್ಯಾಸೆಟ್ಟಿನಷ್ಟು ಹಾಡು. ಇನ್ನೇನು ಬೇಕು?

ಮೊದಲ ಸಲ ಅದನ್ನು ಹಿಡಿದುಕೊಂಡು ಹೋದದ್ದು ಹನಕೆರೆಯ ಒಂದು ಸಾವಿಗೆ. ಅಲ್ಲಿಗೆ ಬೆಸಗರಹಳ್ಳಿ ಕಡೆಯ ಭಜನೆ ಯಜಮಾನರೂ ಬಂದಿದ್ದರು. ಅವರ ಬಗ್ಗೆ ಹೇಳಲೇಬೇಕು. ಸುತ್ತ ಯಾರು ಸತ್ತರೂ ಹೆಣ ಎತ್ತುವ ತನಕ ಪದ ಹೇಳುತ್ತಿದ್ದವರು ಅವರು. ಅದೂ ಸುಮ್ಮನೆ ಅಲ್ಲ, ಸತ್ತವರ ಹೆಸರನ್ನು ಪದದೊಳಗೆ ಸೇರಿಸಿ ಹಾಡುತ್ತಿದ್ದರು. ಇಂಥವಳು ಮುದ್ದೆ ಎಷ್ಟು ಚೆನ್ನಾಗಿ ಕಟ್ಟುತ್ತಿದ್ದಳು, ಇಂಥವನು ಯಾರ ಗದ್ದೆಗೆ ನೀರು ತಿರುಗಿಸಿಕೊಟ್ಟ, ಎಲ್ಲವೂ ಪದದಲ್ಲಿ ಬರುತ್ತಿತ್ತು. ಸತ್ತವನಿಗೆ ಶಾಪ ಹಾಕಲು ಬಂದವನೂ ಅತ್ತು ಹೋಗುತ್ತಿದ್ದ. ಅವರ ಮೇಳದಲ್ಲಿ ಹಾರ್ಮೋನಿಯಂನವರು ತೀರಿಕೊಂಡಿದ್ದರು, ತಾಳದವರು ಮಂಡಿನೋವು ಅಂತ ಮನೆ ಹಿಡಿದಿದ್ದರು. ಉಳಿದವರು ಇವರೊಬ್ಬರೇ.

ನಾನು ಠೀವಿಯಿಂದ ಆಂಪ್ಲಿಫೈಯರ್ ವೈರಿನ ಪಿನ್ನು ಚುಚ್ಚಿ ಬಟನ್ ಒತ್ತಿದೆ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ, ತಟ್ಟಿದೆ, ಊದಿದೆ. ಅಳುತ್ತಿದ್ದ ಹೆಂಗಸರೂ ಅಳು ನಿಲ್ಲಿಸಿ ನನ್ನನ್ನೇ ನೋಡತೊಡಗಿದರು. ಮನೆಯ ಹಿರಿಯ ಕೇಳಿದ: "ಯಾಕ್ಲಾ, ಇದ್ಕೂ ಜೀವ ಓಯ್ತಾ?"

ಯಜಮಾನರು ನನ್ನನ್ನು ಪಕ್ಕಕ್ಕೆ ತಳ್ಳಿ, ಕಣ್ಣು ಮುಚ್ಚಿ ಪದ ಎತ್ತಿದರು. ಮೈಕೂ ಬೇಕಾಗಲಿಲ್ಲ. ಯಂತ್ರದ ಪಕ್ಕದಲ್ಲಿ ಬಟನ್‌ಗಳಿಗೆ ಬೀಗ ಹಾಕುವ ಸಣ್ಣ ಗುಂಡಿಯೊಂದಿದೆ, ಅದು ಜೇಬಿನಲ್ಲಿ ಜಾರಿ ಬೀಗ ಬಿದ್ದಿತ್ತು ಅನ್ನುವುದು ನನಗೆ ತಿಳಿದದ್ದು ಮಾರನೆಯ ದಿನ.

ಹಿಂದಿರುಗುವಾಗ ಬಸ್ಸಿನಲ್ಲಿ ಯಜಮಾನರು ಮಂಕಾಗಿ ಕೂತಿದ್ದರು. "ಇವತ್ತು ಕೈ ಕೊಡ್ತು, ನಾಳಿಕೆ ಸರೋಯ್ತದೆ ನಿನ್ ಮಿಸೀನು. ಆದ್ರೆ ಅದು ಯಾರ್ ಸತ್ರೂ ಒಂದೇ ಪದ ಯೋಳ್ತದೆ ಕಣ್ಲಾ. ಎಸ್ರಿಡ್ದು ಯೋಳೋನು ನಾನೊಬ್ನೇಯ. ನಾನ್ ಸತ್ತಾಗ ನನ್ನೆಸ್ರಿಡ್ದು ಯೋಳೋರು ಯಾರ್ಲಾ?"

ಸಮಾಧಾನ ಮಾಡೋಣ ಅಂತ, "ನಾನಿಲ್ವಾ ಯಜಮಾನ್ರೆ?" ಅಂದೆ.

"ನೀನು ಬಾಯ್ಬುಟ್ರೆ ಚಟ್ಟದಿಂದ ಎದ್ದು ಓಡೋಯ್ತೀನಿ" ಅಂದರು.

೨. ಅಕ್ಕನ ಮದುವೆ

ಯಜಮಾನರು ಹೇಳಿದ ಹಾಗೇ ಆಯಿತು. ಯಂತ್ರ ಸರಿಹೋಯಿತು, ಜನ ಯಂತ್ರವನ್ನೇ ಕೇಳತೊಡಗಿದರು. ಅದು ಹೊಗೆಸೊಪ್ಪು ಕೇಳುವುದಿಲ್ಲ, ಕೆಮ್ಮುವುದಿಲ್ಲ, ದಾಯಾದಿಗಳ ಜಗಳವನ್ನು ಪದದಲ್ಲಿ ಎತ್ತಿ ಆಡುವುದಿಲ್ಲ. ಇದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು. ಅದು ಇಳಿದದ್ದು ಬಸರಾಳಿನ ಹತ್ತಿರ ಒಂದು ಹಳ್ಳಿಯಲ್ಲಿ.

ಸತ್ತಿದ್ದು ತುಂಬು ಮುತ್ತೈದೆಯಾಗಿ ಬಾಳಿದ ಅಜ್ಜಿ. ಹಿಂದಿನ ದಿನವಷ್ಟೇ ಅದೇ ಪ್ಲೇಯರ್ ಒಂದು ಮದುವೆಗೆ ಹೋಗಿ ಬಂದಿತ್ತು. ಸಾವಿನ ಹಾಡೂ ಮದುವೆ ಹಾಡೂ ಅದರ ಹೊಟ್ಟೆಯಲ್ಲಿ ಒಟ್ಟಿಗೇ ಇದ್ದವು. ಹಾಡುಗಳನ್ನು ತನಗೆ ತೋಚಿದಂತೆ ಕಲಸಿ ಹಾಕುವ ಗುಣವೊಂದು ಅದಕ್ಕಿದೆ, ಆ ಗುಣವನ್ನು ಯಾರೋ ಮದುವೆ ಮನೆಯಲ್ಲಿ ಎಬ್ಬಿಸಿಬಿಟ್ಟಿದ್ದರು. ಅದು ನನಗೆ ಗೊತ್ತಿರಲಿಲ್ಲ.

ಮೊದಲ ಎರಡು ಹಾಡು ಸರಿಯಾಗೇ ಬಂದವು. "ಈ ದೇಹ ಮಣ್ಣು" ಅನ್ನುವ ಅರ್ಥದ್ದು ಒಂದು, "ಯಾರಿಗೆ ಯಾರೂ ಇಲ್ಲ" ಅನ್ನುವ ಅರ್ಥದ್ದು ಇನ್ನೊಂದು. ಅಜ್ಜಿಗೆ ಸ್ನಾನ ಮಾಡಿಸಿ, ಅರಿಶಿನ ಕುಂಕುಮ ಇಟ್ಟು, ಹಸಿರು ಸೀರೆ ಉಡಿಸಿ ಕೂರಿಸಿದರು. ಸರಿಯಾಗಿ ಆಗ ನನ್ನ ಹಾರನ್ ಸ್ಪೀಕರು ಓಲಗ ಊದಿ, ಮದುಮಗಳಿಗೆ ಆರತಿ ಎತ್ತಿರೆಂದು ಊರಿಗೆಲ್ಲ ಕರೆ ಕೊಟ್ಟಿತು.

ನಾನು ಓಡಿ ಬಂದು ಪಿನ್ನು ಕಿತ್ತೆ. ಅಜ್ಜಿಯ ತಮ್ಮ, ಎಂಬತ್ತು ದಾಟಿದವರು, ಕೋಲು ಊರಿಕೊಂಡು ನನ್ನ ಮುಂದೆ ಬಂದರು. ಎರಡು ಬಿಗಿಯುತ್ತಾರೆ ಅಂತ ಕೆನ್ನೆ ಗಟ್ಟಿ ಮಾಡಿಕೊಂಡು ನಿಂತೆ. ಅವರು ನನ್ನನ್ನು ಮೇಲೆ ಕೆಳಗೆ ನೋಡಿ ಹೇಳಿದರು: "ನಮ್ ಬಾವ ಮದ್ವೆ ದಿನ ವಾಲಗ ಕರುಸ್ನಿಲ್ಲ ಅಂತ ಸಾಯೋಗಂಟ ಕೊರಗ್ತಿದ್ಲು ನಮ್ಮಕ್ಕ. ಇನ್ನೊಂದ್ಸಲ ಆಕ್ಲಾ."

೩. ನಿಂತ ಗಡಿಯಾರ

ಮದ್ದೂರಿನ ಪಕ್ಕದ ಒಂದೂರಿನಲ್ಲಿ ಮುದುಕಪ್ಪ ಒಬ್ಬರು ನಿದ್ದೆಯಲ್ಲೇ ಹೋಗಿದ್ದರು. ಬೆಳಿಗ್ಗೆ ಎಬ್ಬಿಸಲು ಹೋದಾಗಲೇ ಗೊತ್ತಾದದ್ದು. ನನ್ನನ್ನು ಕರೆಸಿದ್ದರು, ಯಜಮಾನರನ್ನು ಕರೆಸಿರಲಿಲ್ಲ. ಆದರೂ ಅವರು ಬಂದು ಜಗಲಿಯ ಮೂಲೆಯಲ್ಲಿ ಕೂತಿದ್ದರು. ಮಾತಾಡಿದರೆ ದನಿ ಒಡೆಯುತ್ತಿತ್ತು. ಶೀತ ಇರಬೇಕು ಅಂದುಕೊಂಡೆ.

ಹತ್ತು ಗಂಟೆಗೆ ಪ್ಲೇಯರಿನ ಸೆಲ್ಲು ಮುಗಿಯಿತು. ಊರಿನ ಅಂಗಡಿಗೆ ಬಾಗಿಲು ಹಾಕಿತ್ತು. ನಡುಮನೆಯ ಗೋಡೆ ಗಡಿಯಾರದಲ್ಲಿ ಅಂಥದ್ದೇ ಸೆಲ್ಲು ಇತ್ತು. ತೆಗೆದು ಹಾಕಿಕೊಂಡೆ. ಹಾಡು ಮುಂದುವರಿಯಿತು.

ಸ್ವಲ್ಪ ಹೊತ್ತಿಗೆ ಪುರೋಹಿತರು ಪಂಚಾಂಗ ಹಿಡಿದು ಬಂದರು. ಕೆಟ್ಟ ನಕ್ಷತ್ರದಲ್ಲಿ ಜೀವ ಹೋಗಿದ್ದರೆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರಬೇಕಲ್ಲ, ಅದನ್ನು ನೋಡುವುದಕ್ಕೆ. "ಪ್ರಾಣ ಹೋದದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಯಾರಿಗೆ ಗೊತ್ತು? ಅಷ್ಟರಲ್ಲಿ ಸೊಸೆ ಗೋಡೆ ನೋಡಿ ಎದೆ ಬಡಿದುಕೊಂಡಳು: "ಅಯ್ಯೋ ನೋಡ್ರಪ್ಪ! ನಮ್ ಮಾವನ್ ಉಸುರ್ ಜೊತ್ಗೇ ಗಡಿಯಾರಾನೂ ನಿಂತೋಗದೆ!"

ಎಲ್ಲರೂ ಗಡಿಯಾರಕ್ಕೆ ಕೈ ಮುಗಿದರು. ರಾತ್ರಿ ಹತ್ತು ಗಂಟೆ ಅಂದರೆ ಕೆಟ್ಟ ನಕ್ಷತ್ರವೇ ಸರಿ, ಮೂರು ತಿಂಗಳು ಬೀಗ ಎಂದರು ಪುರೋಹಿತರು. ನಾನು ಗಾಬರಿಯಾಗಿ ಮುದುಕಪ್ಪನ ದೊಡ್ಡ ಮಗನಿಗೆ, "ಅಯ್ಯೋ ಗೌಡ್ರೆ, ಅದು ಬೆಳಿಗ್ಗೆ ಅತ್ಗಂಟೆ! ನಾನೇ ಸೆಲ್ಲು ತಗುದಿದ್ದು, ನೋಡಿ!" ಎಂದು ಪ್ಲೇಯರಿನ ಮುಚ್ಚಳ ಬಿಚ್ಚಿ ತೋರಿಸಿದೆ. ಹಾಡು ನಿಂತಿತು.

ದೊಡ್ಡ ಮಗ ನನ್ನ ಹೆಗಲ ಮೇಲೆ ಕೈ ಇಟ್ಟ. "ನೀನು ಸೌಂಡು ನೋಡ್ಕೊಳಪ್ಪ. ಸಾಸ್ತ್ರ ನಾವ್ ನೋಡ್ಕೊತೀವಿ."

ಮನೆಗೆ ಬೀಗ ಬಿತ್ತು. ಇಡೀ ಸಂಸಾರ ದನದ ಕೊಟ್ಟಿಗೆಗೆ ಹೋಯಿತು. ಮಳೆಗಾಲ ಬೇರೆ. ಮೂರು ತಿಂಗಳು ಮುಗಿದು ಬೀಗ ತೆಗೆದ ದಿನವೇ ಆ ದೊಡ್ಡ ಮಗ ನನ್ನ ಅಂಗಡಿಗೆ ಬಂದ. ಕ್ಷಮೆ ಕೇಳಲು ಬಂದನೇನೋ ಅಂತ ಎದ್ದು ನಿಂತೆ.

"ಅಣ್ಣೋ, ನಮ್ ಗಡಿಯಾರದ್ ಸೆಲ್ಲು ಕೊಡು" ಅಂದ.

೪. ಗ್ಯಾರಂಟಿ

ನನ್ನದನ್ನು ನೋಡಿ ಮಳವಳ್ಳಿಯ ಮೇಷ್ಟ್ರೊಬ್ಬರು ತಾವೂ ನನ್ನ ಕೈಲೇ ಒಂದು ತರಿಸಿಕೊಂಡರು. ಅವರ ತಂದೆ ಹಾಸಿಗೆ ಹಿಡಿದಿದ್ದರು. ದಿನವಿಡೀ ನರಳಿ ನರಳಿ ಕರೆಯುತ್ತಿದ್ದರು. ಮೇಷ್ಟ್ರು ಆ ನರಳಾಟ ಕೇಳಲಾಗದೆ ವೈರುಗಳನ್ನು ತಮ್ಮ ಕಿವಿಗೆ ಸಿಕ್ಕಿಸಿಕೊಂಡರಂತೆ. ಆಮೇಲೆ ಮನಸ್ಸು ತಡೆಯದೆ ತೆಗೆದು ಅಪ್ಪನ ಕಿವಿಗೆ ಇಟ್ಟರು. ಮುದುಕರು ಮಗುವಿನ ಹಾಗೆ ಸುಮ್ಮನಾದರು. ಅಂದಿನಿಂದ ಅವರು ಕರೆಯುತ್ತಿದ್ದದ್ದು ಹಾಡು ನಿಂತಾಗ ಮಾತ್ರ.

ಒಂದು ದಿನ ಹಾಡು ನಿಂತರೂ ಕರೆಯಲಿಲ್ಲ.

ಕರ್ಮವೆಲ್ಲ ಮುಗಿಸಿ ತಲೆ ಬೋಳಿಸಿಕೊಂಡ ಮೇಷ್ಟ್ರು ಅಂಗಡಿಗೆ ಬಂದರು. "ಇಂಥಾ ಒಳ್ಳೇ ಮೆಷಿನ್ ನಾನು ನೋಡಿಲ್ಲ. ಅಪ್ಪ ನೆಮ್ಮದಿಯಾಗಿ ಹೋದರು" ಎಂದು ಕಣ್ಣೊರೆಸಿಕೊಂಡರು. ಅವರು ಮೂಗು ಸೀಟಿಕೊಂಡು, ಜೇಬಿನಿಂದ ಪ್ಲೇಯರ್ ತೆಗೆದು ಮೇಜಿನ ಮೇಲಿಟ್ಟರು.

"ಇನ್ನೂ ಗ್ಯಾರಂಟಿ ಇದೆ. ವಾಪಸ್ ತಗೋತಾರಾ ಕೇಳಿ ನೋಡಿ."

೫. ಯಜಮಾನರ ಸರದಿ

ಭಜನೆ ಯಜಮಾನರ ದನಿ ಒಡೆದದ್ದು ಶೀತದಿಂದ ಅಲ್ಲ. ಗಂಟಲಿನಲ್ಲಿ ಗಂಟು. ಮಂಡ್ಯದಲ್ಲಿ ಡಾಕ್ಟರು ನೋಡಿ, ಆಪರೇಷನ್ ಮಾಡಲೇಬೇಕು, ಮಾಡಿದರೆ ಮಾತು ಹೋಗುತ್ತದೆ ಎಂದರಂತೆ. ಆಪರೇಷನ್ನಿಗೆ ಹೋಗುವ ಮುನ್ನ ಯಜಮಾನರು ಹೆಂಡತಿಯನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಆಕೆಯನ್ನು ನಾನು ಅಕ್ಕ ಅನ್ನುತ್ತಿದ್ದೆ.

"ಲೇ ಸೌಂಡಪ್ಪ, ನಿನ್ ಬೆಂಕಿಪೊಟ್ಣ ನಾವು ಯೋಳುದ್ದ ಇಡ್ಕತ್ತದಾ?"

"ಇಡ್ಕತ್ತದೆ ಯಜಮಾನ್ರೆ. ರೆಕಾರ್ಡ್ ಬಟನ್ ಅದೆ."

"ಅಂಗಾರೆ ಒತ್ತು. ನನ್ನೆಸ್ರಿಡ್ದು ನಾನೇ ಯೋಳ್ಕತೀನಿ. ಇನ್ಯಾರ್ನೂ ಕಾಯಂಗಿಲ್ಲ."

ಅಕ್ಕ ಮುಖ ತಿರುಗಿಸಿದರು. "ಬದುಕಿರೋರು ಇಂಥವ್ನೆಲ್ಲ ಮಾಡ್ಬಾರ್ದು ಕಣಯ್ಯ. ನಾನ್ ಕೇಳಕ್ಕಿಲ್ಲ" ಎಂದು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನು ಬಟನ್ ಒತ್ತಿ ಯಂತ್ರವನ್ನು ಯಜಮಾನರ ಮುಂದಿಟ್ಟೆ. "ನೀನೂ ಆಚ್ಗೋಗು. ನಿನ್ ಮಕ ನೋಡ್ತಾ ಸಾವಿನ್ ಪದ ಬರಕ್ಕಿಲ್ಲ" ಅಂದರು. ನಾನೂ ಹೋಗಿ ಅಕ್ಕನ ಪಕ್ಕ ಕೂತೆ. ಬಸ್ಸುಗಳ ಗದ್ದಲದಲ್ಲಿ ಒಳಗಿನದು ಒಂದೂ ಕೇಳಿಸಲಿಲ್ಲ. ಬಹಳ ಹೊತ್ತಾದ ಮೇಲೆ ಯಜಮಾನರು ಬೆವರು ಒರೆಸಿಕೊಂಡು ಹೊರಗೆ ಬಂದರು.

"ಸರಿಯಾಗಿ ಬಂದದಾ ಕೇಳ್ನೋಡವಾ?" ಅಂದೆ.

"ಲೇ, ಯೋಳೋದು ಬ್ಯಾರೆ, ಕೇಳೋದು ಬ್ಯಾರೆ. ನಾನ್ ಓಗೋಗಂಟ ಅದ್ನ ಯಾರೂ ಕೇಳ್ಕೂಡ್ದು" ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ನಾನು ಅವರಿಂದ ಕೇಳಿದ ಕಡೇ ಮಾತು ಅದು.

ಆಪರೇಷನ್ ಆದ ಮೇಲೆ ಕತ್ತಿಗೆ ಟವೆಲ್ ಸುತ್ತಿಕೊಂಡು ಆಗಾಗ ಅಂಗಡಿಗೆ ಬರುತ್ತಿದ್ದರು. ಬೆರಳಿನಲ್ಲಿ ಬೆಂಕಿಪೊಟ್ಟಣದ ಆಕಾರ ಮಾಡಿ, ಹುಬ್ಬು ಎತ್ತಿ ಕೇಳುತ್ತಿದ್ದರು. "ಜೋಪಾನವಾಗದೆ" ಅನ್ನುತ್ತಿದ್ದೆ. ತಲೆಯಾಡಿಸಿ ಹೋಗುತ್ತಿದ್ದರು. ಊರೂರಿಗೆ ಪದ ಹೇಳಿದ ಮನುಷ್ಯ ಹಾಗೆ ಸನ್ನೆ ಮಾಡುವುದನ್ನು ನೋಡಿದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಆ ವರ್ಷ ಬೇಸಿಗೆ ಕಳೆಯುವುದರೊಳಗೆ ಹೋಗಿಬಿಟ್ಟರು.

ಈ ಒಂದು ಸಾವಿನಲ್ಲಿ ಎಡವಟ್ಟಾಗಬಾರದು ಅಂತ ಹೊಸ ಸೆಲ್ಲು ಹಾಕಿದೆ, ಬೇರೆ ಹಾಡುಗಳನ್ನೆಲ್ಲ ಅಳಿಸಿದೆ. ಅವರ ಮನೆ ಮುಂದೆ ಜನವೋ ಜನ. ಅವರು ಯಾರ ಯಾರ ಮನೆಯಲ್ಲಿ ಪದ ಹೇಳಿದ್ದರೋ ಆ ಮನೆಯವರೆಲ್ಲ ಬಂದಿದ್ದರು. ಅಕ್ಕ ಹೆಣದ ತಲೆಯ ಹತ್ತಿರ ಕೂತಿದ್ದರು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ, ಒಂದು ಮಾತಾಡಿಲ್ಲ, ಹೀಗೇ ಇದ್ದರೆ ಏನಾದರೂ ಆಗಿಬಿಡುತ್ತದೆ ಎಂದು ಹೆಂಗಸರು ಹೆದರಿದ್ದರು.

ಬಟನ್ ಒತ್ತಿದೆ. ಯಜಮಾನರ ದನಿ ಬಂತು. ಒಡಕು ದನಿಯೇ, ಆದರೂ ಅದೇ ಗತ್ತು. ತಮ್ಮ ಹೆಸರನ್ನು ತಾವೇ ಹಿಡಿದು, ಯಾವ ಊರಿನಲ್ಲಿ ಹುಟ್ಟಿದೆ, ಯಾರ ಕೈಲಿ ತಾಳ ಕಲಿತೆ, ಯಾರ ಯಾರನ್ನು ಕಳಿಸಿಕೊಟ್ಟೆ, ಈಗ ನನ್ನನ್ನು ಕಳಿಸಿಕೊಡಿ ಎಂದು ಹಾಡಿದರು. ಗಂಡಸರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಆಂಪ್ಲಿಫೈಯರ್ ಹಿಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ಮಾತ್ರ ಕಲ್ಲಿನ ಹಾಗೆ ಕೂತೇ ಇದ್ದರು.

ಒಂದು ಪದ ಮುಗಿಯಿತು. ಆಗ ಯಜಮಾನರು ಹಾರನ್ ಸ್ಪೀಕರಿನಲ್ಲಿ ಒಮ್ಮೆ ಕ್ಯಾಕರಿಸಿ, ಊರಿಗೆಲ್ಲ ಕೇಳುವ ಹಾಗೆ ಹೆಂಡತಿಯನ್ನು ಕೂಗಿದರು:

"ಅಮ್ಮೀ, ಒಂದ್ಲೋಟ ಟೀ ತತ್ತಾ. ಗಂಟ್ಲು ಕಟ್ಕತ್ತಾ ಅದೆ."

ನನ್ನ ಕೈ ತಾನಾಗಿಯೇ ಹೋಗಿ ಯಂತ್ರ ನಿಲ್ಲಿಸಿತು. ಅಕ್ಕ ನಿಧಾನವಾಗಿ ಹೆಣದ ಕಡೆ ತಿರುಗಿದರು. ಸಂಸಾರ ಮಾಡಿದಷ್ಟು ಕಾಲವೂ ಗದರಿಕೊಂಡು ಬಂದ ದನಿಯಲ್ಲೇ ಗದರಿದರು:

"ಎಣ ಇರೋ ಮನೇಲಿ ಒಲೆ ಅಚ್ಚಂಗಿಲ್ಲ ಕಣಯ್ಯ. ಸುಮ್ಕೆ ಮನೀಕೊ!"

ಅಂದದ್ದು ಏನೆಂದು ಅವರ ಕಿವಿಗೇ ಬಿದ್ದಿರಬೇಕು. ಬಾಯಿಗೆ ಸೆರಗು ಅಡ್ಡ ಹಿಡಿದು ಮೊದಲು ನಕ್ಕವರು ಅವರೇ. ಆಮೇಲೆ ಹೆಂಗಸರು, ಆಮೇಲೆ ಚಟ್ಟ ಕಟ್ಟುತ್ತಿದ್ದವರು, ಇಡೀ ಬೀದಿ ನಕ್ಕಿತು. ನಗುತ್ತಾ ನಗುತ್ತಾ ಅಕ್ಕ ಯಜಮಾನರ ಎದೆಯ ಮೇಲೆ ತಲೆ ಇಟ್ಟು, ಬೆಳಗಿನಿಂದ ತಡೆದಿದ್ದ ಅಳುವನ್ನೆಲ್ಲ ಅತ್ತರು. ನನಗೆ ಏನು ಮಾಡಬೇಕೋ ತೋಚಲಿಲ್ಲ. ಮತ್ತೆ ಬಟನ್ ಒತ್ತಿದೆ.

"ಸರಿ ಬುಡು" ಅಂದರು ಯಜಮಾನರು. "ಮುಗಿಸ್ಬುಟ್ಟೇ ಕುಡೀತೀನಿ."