ಕಾಗೆಗೊಂದು ಪ್ರಣಾಳಿಕೆ

ವಿಷ್ಣುತೀರ್ಥರಿಗೆ ಈ ಲೋಕದಲ್ಲಿ ನಂಬಿಕೆ ಇದ್ದದ್ದು ಎರಡರಲ್ಲೇ: ಮೇಲೆ ಶ್ರೀಹರಿ, ಕೆಳಗೆ ಹೆಂಡತಿ ನೀರಜಾ ಮಾಡಿಕೊಡುವ ಕಾಫಿ. ಇವೆರಡರ ಮಧ್ಯೆ ಬರುವವರೆಲ್ಲ ಕಳ್ಳರು. ಅದರಲ್ಲೂ ಐದು ವರ್ಷಕ್ಕೊಮ್ಮೆ ಕೈ ಮುಗಿದುಕೊಂಡು ಬರುವವರಂತೂ ಖದೀಮರು. ಚುನಾವಣೆ ಹತ್ತಿರ ಬಂದಂತೆ ಮೈಲಾಪುರದ ಆ ಬೀದಿಯಲ್ಲಿ ಮೈಕು ಕಟ್ಟಿಕೊಂಡ ಆಟೋಗಳು ಸುತ್ತತೊಡಗಿದವು. ಒಂದೊಂದು ಆಟೋ ಬಂದಾಗಲೂ ಅವರು ಎದ್ದು ದಢಾರನೆ ಕಿಟಕಿ ಮುಚ್ಚಿ, ತಮ್ಮದೇ ಭಾಷಣ ಶುರು ಮಾಡುತ್ತಿದ್ದರು. (ಮೈಕು ಇಲ್ಲದಿದ್ದರೂ ಪಕ್ಕದ ಫ್ಲ್ಯಾಟಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.)

“ಗೋಡೆ ಒಂದೇ ಕಣೇ, ಬಣ್ಣ ಬೇರೆ. ಅದಕ್ಕೆ ಸಿದ್ಧಾಂತ ಅಂತ ಹೆಸರು ಬೇರೆ ಇಡ್ತಾರೆ. ಮಾತು ಕೊಡೋದು, ಮರೆಯೋದು. ಇವರ ಸಿದ್ಧಾಂತ ಇಷ್ಟೇ.”

“ಅಡುಗೆಮನೆ ನಲ್ಲಿ ಸೋರ್ತಾ ಇದೆ ಅಂತ ದೀಪಾವಳಿಗೇ ಹೇಳಿದ್ದೆ,” ಅಂದಳು ನೀರಜಾ, ಹಿಟ್ಟು ಕಲಸುತ್ತ.

“ಮಾಡಿಸ್ತೀನಿ ಅಂದೆನಲ್ಲ! ದೇಶದ ವಿಷಯ ಮಾತಾಡುವಾಗ ನಲ್ಲಿ ಯಾಕೆ ತರ್ತೀಯ?”

ನೀರಜಾ ನಲ್ಲಿಯ ಕೆಳಗೆ ಇನ್ನೊಂದು ಪಾತ್ರೆ ಇಟ್ಟಳು. ಈ ಮನೆಯಲ್ಲಿ ವಿರೋಧ ಪಕ್ಷಕ್ಕೆ ಅಷ್ಟೇ ಅವಕಾಶ.

ವಿಷ್ಣುತೀರ್ಥರ ತಮ್ಮ ಗುರುಚರಣ ಪೆರಂಬೂರಿನವನು. ಅಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಅಣ್ಣ ಯಾರನ್ನೂ ನಂಬುವುದಿಲ್ಲ, ತಮ್ಮ ಎಲ್ಲರನ್ನೂ ನಂಬುತ್ತಾನೆ, ಒಂದೊಂದು ಚುನಾವಣೆಗೆ ಒಬ್ಬೊಬ್ಬರನ್ನು. ಒಮ್ಮೆ ಕಾರ್ಮಿಕರ ರಾಜ್ಯ ಬರುತ್ತದೆ ಎಂದ. ಇನ್ನೊಮ್ಮೆ ಧರ್ಮದ ರಾಜ್ಯ ಎಂದ. ಮತ್ತೊಮ್ಮೆ ನಾವೆಲ್ಲ ಮೊದಲು ತಮಿಳುನಾಡಿನವರು ಎಂದು ಮನೆಯಲ್ಲೂ ತಮಿಳು ಮಾತಾಡಿ ಹೆಂಡತಿಯಿಂದ ಬೈಸಿಕೊಂಡ. ಜೀವ ಜೀವಕ್ಕೂ ಭೇದ ಇದೆ ಎಂದು ಮಧ್ವಾಚಾರ್ಯರು ಹೇಳಿದ್ದಕ್ಕೆ ಪ್ರಮಾಣ ಬೇಕಿದ್ದರೆ ಈ ಅಣ್ಣತಮ್ಮಂದಿರನ್ನು ಒಂದು ಬೆಂಚಿನ ಮೇಲೆ ಕೂರಿಸಿದರೆ ಸಾಕಿತ್ತು.

ಹಾಗೆ ಕೂರಿಸಿದ್ದೇ ತಪ್ಪಾಗಿದ್ದು. ಹೋದ ಚುನಾವಣೆಯ ಸಮಯದಲ್ಲಿ ಮಾತಿಗೆ ಮಾತು ಬೆಳೆದು, ತೀರಿಹೋದ ಅಪ್ಪ ಇದ್ದಿದ್ದರೆ ಯಾರಿಗೆ ವೋಟು ಹಾಕುತ್ತಿದ್ದರು ಎಂಬಲ್ಲಿಗೆ ಬಂದು ನಿಂತಿತು. ‘ಅಪ್ಪ ನನ್ನ ಹಾಗೇ, ಯಾರನ್ನೂ ನಂಬ್ತಿರಲಿಲ್ಲ’ ಎಂದ ಅಣ್ಣ. ‘ಅಪ್ಪ ಸಿದ್ಧಾಂತಿ’ ಎಂದ ತಮ್ಮ. ಆ ಪುಣ್ಯಾತ್ಮರೋ, ಬದುಕಿರುವ ತನಕ ಮತಗಟ್ಟೆಯಿಂದ ಬಂದವರೇ ಮಸಿ ಬೆರಳನ್ನು ಮಡಚಿಕೊಂಡು “ಹಾಕಿ ಬಂದೆ” ಅಂದರೆ ಮುಗಿಯಿತು, ಹೆಂಡತಿಗೂ ಹೇಳಿದವರಲ್ಲ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ, ಕಥೆಯಿಲ್ಲ. ಅಪ್ಪನ ಶ್ರಾದ್ಧವೂ ಬೇರೆ ಬೇರೆಯಾಯಿತು. ಒಂದೇ ತಿಥಿ, ಒಂದೇ ಹೊತ್ತು. ಮೈಲಾಪುರದಲ್ಲೊಂದು, ಪೆರಂಬೂರಿನಲ್ಲೊಂದು.

“ನಿಮ್ಮಪ್ಪ ಇರುವಾಗ ಒಂದು ಮನೇಲಿ ನೆಟ್ಟಗೆ ಉಣ್ಣೋಕೆ ಬಿಡ್ಲಿಲ್ಲ,” ಎಂದು ಅಳುತ್ತಿದ್ದರು ಅಮ್ಮ ಅಂಬಾಬಾಯಿ. “ಈಗ ಎರಡು ಕ್ಷೇತ್ರದಲ್ಲಿ ನಿಂತ ಕ್ಯಾಂಡಿಡೇಟ್ ಥರ ಓಡಾಡಿಸ್ತಾ ಇದ್ದೀರಿ.”

ಅಂಬಾಬಾಯಿಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು, ಇದ್ದ ಆಸೆ ಮಾತ್ರ ಒಂದೇ. ಕಣ್ಣು ಮುಚ್ಚುವುದರೊಳಗೆ ಇಬ್ಬರು ಮಕ್ಕಳೂ ಒಟ್ಟಿಗೆ ಕೂತು ತಂದೆಗೆ ಪಿಂಡ ಇಡುವುದನ್ನು ಒಮ್ಮೆ ನೋಡಬೇಕು. ದೇವರು ಅವರ ಮೊರೆ ಕೇಳಿದ. ಈ ಸಲ ತಿಥಿ ಸರಿಯಾಗಿ ಮತದಾನದ ದಿನವೇ ಬಂದು ಕೂತಿತು.

ಅವತ್ತು ಶ್ರಾದ್ಧದ ಊಟಕ್ಕೆ ಬ್ರಾಹ್ಮಣರೇ ಸಿಗಲಿಲ್ಲ. ವೋಟು ಹಾಕಲು ಊರಿಗೆ ಹೋದವರು ಕೆಲವರು, ಸಾಲಿನಲ್ಲಿ ನಿಲ್ಲಬೇಕು ಎಂದವರು ಕೆಲವರು. ಪುರೋಹಿತರು ಎರಡೂ ಮನೆಗೆ ಫೋನು ಮಾಡಿ ಖಡಾಖಂಡಿತವಾಗಿ ಹೇಳಿಬಿಟ್ಟರು: “ಸಿಕ್ಕಿರೋದು ಒಂದೇ ಜೊತೆ. ಇಬ್ಬರೂ ಸೇರಿ ಒಂದು ಕಡೆ ಮಾಡಿ. ಇಲ್ಲಾಂದ್ರೆ ನಿಮ್ಮ ತಂದೆಗೆ ಉಪವಾಸ.”

ಗುರುಚರಣ ಬರಲು ಒಪ್ಪಿದ. ಅಂಬಾಬಾಯಿ ದೊಡ್ಡ ಮಗನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

“ನೋಡು ವಿಷ್ಣು, ಶ್ರಾದ್ಧದ ದಿನ ಕರ್ತೃವಿಗೆ ಕೋಪ ಬರಬಾರದು. ಕೋಪ ಬಂದ್ರೆ ಪಿತೃಗಳು ಬಾಗಿಲಿಂದಲೇ ವಾಪಸ್ ಹೋಗ್ತಾರೆ. ಕಾಗೆ ಪಿಂಡ ಮುಟ್ಟೋ ತನಕ ರಾಜಕೀಯದ ಒಂದು ಮಾತೂ ಆಡಕೂಡದು. ಮಾತು ಕೊಡು.”

“ಕೊಟ್ಟೆ ಅಮ್ಮ,” ಎಂದು ವಿಷ್ಣುತೀರ್ಥರು ಅವರ ಕೈ ಮೇಲೆ ಕೈಯಿಟ್ಟರು. “ನಾನೇನು ಮಂತ್ರಿಯೇ, ಮಾತು ತಪ್ಪೋಕೆ?”

ಆ ದಿನ ಬೆಳಿಗ್ಗೆ ಗುರುಚರಣ ಬಂದ. ಜೇಬಿನಲ್ಲಿ ಮತದಾರರ ಚೀಟಿ. ಊಟ ಮುಗಿಸಿ ಪೆರಂಬೂರಿಗೆ ಓಡಿ ವೋಟು ಹಾಕುವ ಆತುರ. ಅಣ್ಣನ ಕಣ್ಣು ಚೀಟಿಯ ಮೇಲೆ ಬಿತ್ತು, ಬಾಯಿ ತೆರೆಯಿತು. ಬಾಗಿಲ ಬಳಿ ಅಮ್ಮ ಕೆಮ್ಮಿದರು, ಬಾಯಿ ಮುಚ್ಚಿತು. ನೀರಜಾ ಪಾಪ, ಅಡುಗೆಮನೆಯಿಂದ “ಎಲೆ ಹಾಕ್ಲಾ?” ಎಂದು ಕೇಳಲೂ ಹೆದರಿದಳು. ಈ ಊರಿನಲ್ಲಿ ಎಲೆಯೂ ಒಂದು ಪಕ್ಷದ ಚಿಹ್ನೆ, ಸೂರ್ಯನೂ ಒಂದು ಪಕ್ಷದ್ದು, ಕೈಯೂ ಒಂದು ಪಕ್ಷದ್ದು. ಸೂರ್ಯ ನೆತ್ತಿಗೆ ಬರುವುದರೊಳಗೆ ಕೈ ತೊಳೆದು ಎಲೆ ಮುಂದೆ ಕೂರಿ ಅಂದರೆ ಒಂದೇ ವಾಕ್ಯದಲ್ಲಿ ಮೂರು ಜಗಳ.

ಆದರೂ ಎಲ್ಲ ಸಾಂಗವಾಗಿ ನಡೆಯಿತು. ಅಣ್ಣತಮ್ಮಂದಿರು ಒದ್ದೆ ಪಂಚೆಯಲ್ಲಿ ಅಕ್ಕಪಕ್ಕ ಕೂತರು. ಅಂಬಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಬ್ಬರು ಬ್ರಾಹ್ಮಣರಲ್ಲಿ ಒಬ್ಬರು ದೇವತೆಗಳ ಸ್ಥಾನದಲ್ಲಿ, ಇನ್ನೊಬ್ಬರು ಪಿತೃಸ್ಥಾನದಲ್ಲಿ. ಎಂದರೆ ಅಷ್ಟು ಹೊತ್ತು ಅವರು ಬೇರೆ ಯಾರೂ ಅಲ್ಲ, ಸಾಕ್ಷಾತ್ ಅಪ್ಪನೇ. ಹಾಗೆ ಅಪ್ಪನಾಗಿ ಕೂತ ಆ ಕೃಶವಾದ ಮನುಷ್ಯ ಮೌನವಾಗಿ ಉದ್ದಿನ ವಡೆ ತಿನ್ನುತ್ತಿದ್ದರು. ಎಡಗೈ ಮೊಣಕಾಲ ಮೇಲಿತ್ತು. ಅದರ ತೋರುಬೆರಳಿನಲ್ಲಿ ಹಸಿ ಮಸಿ!

ಗುರುಚರಣನೇ ಮೊದಲು ಕಂಡದ್ದು. ಅಣ್ಣನ ಪಕ್ಕೆ ತಿವಿದು ಪಿಸುಗುಟ್ಟಿದ. “ಅಪ್ಪ ವೋಟ್ ಹಾಕ್ಬಿಟ್ಟು ಬಂದಿದ್ದಾರೆ.”

“ಹಾಕಿದ್ರೆ ಯಾರೂ ಬೇಡ ಅನ್ನೋ ಬಟನ್ನೇ ಒತ್ತಿರ್ತಾರೆ, ಸುಮ್ನಿರು.”

“ಅಪ್ಪನ ವಿಷಯ ನಿನಗೇನು ಗೊತ್ತು?”

ವಿಷ್ಣುತೀರ್ಥರ ತಲೆಯಲ್ಲಿ ಒಂದು ಭಯಂಕರ ತರ್ಕ ಹುಟ್ಟಿತು. ಶಾಸ್ತ್ರದ ಪ್ರಕಾರ ಕೂತಿರುವವರು ಅಪ್ಪ. ಅಪ್ಪನನ್ನು ಮಗ ಒಂದು ಮಾತು ಕೇಳಿದರೆ ಅದು ರಾಜಕೀಯ ಹೇಗಾದೀತು? ಅದು ಪಿತೃಭಕ್ತಿ. ಇಷ್ಟು ವರ್ಷದ ವ್ಯಾಜ್ಯ ಒಂದೇ ಮಾತಿನಲ್ಲಿ ತೀರಿಹೋಗುತ್ತದೆ. ಅವರು ಮುಂದೆ ಬಗ್ಗಿ, ಕೈ ಜೋಡಿಸಿ, ಭಯಭಕ್ತಿಯಿಂದ ಕೇಳಿಯೇ ಬಿಟ್ಟರು:

“ಅಪ್ಪಾ, ಯಾರಿಗೆ ಹಾಕಿದ್ರಿ?”

ಆ ಬ್ರಾಹ್ಮಣರಿಗೆ ವಡೆ ಗಂಟಲಲ್ಲಿ ಸಿಕ್ಕಿಕೊಂಡಿತು. ಉಣ್ಣುವಾಗ ಮಾತಾಡುವಂತಿಲ್ಲ. ಅದೇ ಹೊತ್ತಿಗೆ ನೀರಜಾ ಪಾಯಸ ಬಡಿಸಲು ಬಂದಳು. ಅವರು ಗಾಬರಿಯಾಗಿ ಕೈಯನ್ನು ಎಲೆಗೆ ಅಡ್ಡ ಹಿಡಿದು ಬೇಡ ಬೇಡ ಎಂದು ಆಡಿಸಿದರು.

“ನೋಡ್ದ್ಯಾ!” ಎಂದರು ವಿಷ್ಣುತೀರ್ಥರು. “ಯಾರೂ ಬೇಡ ಅಂತಾರೆ!”

“ಪಾಯಸ ಬೇಡ ಅಂದ್ರು! ಅದಕ್ಕೂ ನಿನ್ನದೇ ಅರ್ಥ ಹಚ್ತೀಯಲ್ಲ! ನಿನ್ನಂಥೋರು ಮನೇಲಿ ಕೂತು ಎಲ್ಲರೂ ಕಳ್ಳರು ಅಂತೀರಿ, ಅದಕ್ಕೇ ಕಳ್ಳರು ಆರಾಮಾಗಿದ್ದಾರೆ.”

“ನೀನು ಬಿಸಿಲಲ್ಲಿ ಸಾಲು ನಿಂತು ಅವರಲ್ಲೇ ಒಬ್ಬನ್ನ ಆರಿಸ್ಕೊಂಡು ಬರ್ತೀಯ. ನಾನು ನೆರಳಲ್ಲಿ ಇರ್ತೀನಿ. ವ್ಯತ್ಯಾಸ ಅಷ್ಟೇ.”

“ಒಂದು ಸಿದ್ಧಾಂತ ಅಂತ ಇಲ್ದೇ ಇರೋನು ಬಾಲ ಇಲ್ಲದ ಗಾಳೀಪಟ!”

“ನಿನಗೆ ಎಲೆಕ್ಷನ್‌ಗೊಂದು ಬಾಲ! ಮೊದಲು ಯಾವುದಾದ್ರೂ ಒಂದನ್ನ ಉಳಿಸ್ಕೊ!”

ಪುರೋಹಿತರು ಮಂತ್ರದ ಸ್ವರ ಏರಿಸಿದರು. ಇವರು ಅದಕ್ಕಿಂತ ಏರಿಸಿದರು. ದೇವತೆಗಳ ಸ್ಥಾನದವರು ತಲೆ ತಗ್ಗಿಸಿ ಬೇಗಬೇಗ ಉಂಡರು. ಪಿತೃಸ್ಥಾನದವರು ಅರ್ಧ ವಡೆಯನ್ನು ಎಲೆಯಲ್ಲೇ ಬಿಟ್ಟು, ತೃಪ್ತಿಯಾಯಿತೇ ಎಂದು ಕೇಳುವ ಮೊದಲೇ “ತೃಪ್ತಿ, ತೃಪ್ತಿ” ಎಂದು ಎದ್ದು, ದಕ್ಷಿಣೆಯನ್ನು ಎಡವಟ್ಟಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು. ಅಮ್ಮ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ವಿಷ್ಣುತೀರ್ಥರಿಗೆ. ಅಂಬಾಬಾಯಿ ಗೋಡೆಗೆ ಒರಗಿ ಕೂತು, ಆ ಅರ್ಧ ವಡೆಯನ್ನೇ ನೋಡುತ್ತಿದ್ದರು.

ಇನ್ನು ಉಳಿದದ್ದು ಕಾಗೆ. ಅದು ಪಿಂಡ ಮುಟ್ಟುವ ತನಕ ಮನೆಯಲ್ಲಿ ಯಾರೂ ಊಟ ಮಾಡುವಂತಿಲ್ಲ. ಅಣ್ಣತಮ್ಮಂದಿರು ಪಿಂಡ ಹಿಡಿದು ತಾರಸಿಗೆ ಹೋದರು. ಮೈಲಾಪುರದಲ್ಲಿ ಕಾಗೆಗೆ ಬರವೇ? ದಿನಾ ನೀರಿನ ಟ್ಯಾಂಕಿನ ಮೇಲೆ ಕೂತು ನೀರಜಾಳ ಕೈಯಿಂದಲೇ ಅನ್ನ ಕಸಿಯುವ ಕಾಗೆ ಅವತ್ತೂ ಬಂತು. ಟ್ಯಾಂಕಿನ ಮೇಲೆ ಕೂತಿತು. ಪಿಂಡ ನೋಡಿತು. ಇವರಿಬ್ಬರನ್ನೂ ನೋಡಿತು. ಮುಖ ತಿರುಗಿಸಿಕೊಂಡಿತು.

“ಕಾ, ಕಾ,” ಎಂದರು ವಿಷ್ಣುತೀರ್ಥರು. “ಕಾ ಕಾ ಕಾ,” ಎಂದ ಗುರುಚರಣ. ಇದಾದರೂ ಒಕ್ಕೊರಲಿನಿಂದ ಬಂತಲ್ಲ ಎನ್ನಿ. ತಮಿಳರ ಚಿತ್ತಿರೈ ತಿಂಗಳ ಬಿಸಿಲಿಗೆ ತಾರಸಿ ಕಾದ ಹೆಂಚಾಗಿತ್ತು. ಇಬ್ಬರೂ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತ ನಿಂತರು. ಕಾಗೆ ಅಲ್ಲಾಡಲಿಲ್ಲ.

ಇನ್ನೊಂದು ಮನೆಗೆ ಹೊರಟ ಪುರೋಹಿತರು ಮೆಟ್ಟಿಲಿನಿಂದಲೇ ಕೂಗಿ ಹೇಳಿದರು: “ಹಿರಿಯರ ಮನಸ್ಸಲ್ಲಿ ಏನೋ ಕೊರಗು ಉಳಿದಿದೆ. ಏನಾದ್ರೂ ಮಾತು ಕೊಡಿ, ಬರುತ್ತೆ.”

ಅಷ್ಟರಲ್ಲಿ ವಿಷ್ಣುತೀರ್ಥರ ಮಗಳು ಹರಿಪ್ರಿಯಾ ಏದುಸಿರು ಬಿಡುತ್ತ ಹತ್ತಿ ಬಂದಳು. ಅವಳು ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವವಳು. “ಅಪ್ಪಾ, ಪಾಟ್ಟಿಕ್ಕು ಕೈ ನಡುಂಗುದು. ಶುಗರ್ ಇರಂಗಿಡುಚ್ಚು. ಶಾಪ್ಪಿಡ ಮಾಟ್ಟೇಂಗ್ರಾಂಗ. ಸೀಕ್ರಂ!”

ಅಜ್ಜಿಯ ಕೈ ನಡುಗುತ್ತಿದೆ, ಸಕ್ಕರೆ ಇಳಿದಿದೆ, ಆದರೂ ಕಾಗೆ ಮುಟ್ಟುವ ತನಕ ತುತ್ತು ಎತ್ತುವುದಿಲ್ಲ ಎನ್ನುತ್ತಿದ್ದಾರೆ. ವಿಷ್ಣುತೀರ್ಥರು ಕಾಗೆಯ ಕಡೆ ತಿರುಗಿದರು. ಗುರುಚರಣ ಆಗಲೇ ಕೈ ಮುಗಿದು ನಿಂತಿದ್ದ.

“ಅಪ್ಪಾ, ಮುಂದಿನ ವರ್ಷದಿಂದ ಶ್ರಾದ್ಧ ಅಣ್ಣನ ಜೊತೆನೇ ಮಾಡ್ತೀನಿ.”

ಕಾಗೆ ಕತ್ತು ಓರೆ ಮಾಡಿತು. ಅಯ್ಯೋ, ಅಪ್ಪ ತಮ್ಮನ ಕಡೆ ಒಲಿದುಬಿಟ್ಟಾರು! ವಿಷ್ಣುತೀರ್ಥರು ಮುಂದೆ ನುಗ್ಗಿದರು. “ಅಪ್ಪಾ, ತಿಂಗಳಿಗೊಂದು ಸಲ ನಾನೇ ಗುರು ಮನೆಗೆ ಹೋಗಿಬರ್ತೀನಿ.”

“ನಾನು ವಾರಕ್ಕೊಂದು ಸಲ ಬರ್ತೀನಿ!”

“ಅಮ್ಮನ್ನ ಉಡುಪಿಗೆ ಕರ್ಕೊಂಡು ಹೋಗ್ತೀನಿ!”

“ಉಡುಪಿ, ಮಂತ್ರಾಲಯ ಎರಡೂ! ಏಸಿ ಕೋಚಲ್ಲಿ!”

“ಅಮ್ಮನ ಕಣ್ಣಿನ ಆಪರೇಷನ್ ಮಾಡಿಸ್ತೀನಿ! ನೀರಜಾಳ ನಲ್ಲಿ ರಿಪೇರಿ ಮಾಡಿಸ್ತೀನಿ!”

(ತೀರಿಹೋದ ತಂದೆಗೆ ಸೊಸೆಯ ನಲ್ಲಿಯ ಮೇಲೆ ಏನು ಆಸಕ್ತಿ ಎಂದು ಕೇಳಬೇಡಿ. ಆ ಭರದಲ್ಲಿ ಯಾರಿಗೂ ವಿವೇಚನೆ ಇರುವುದಿಲ್ಲ.)

ಕಾಗೆ ಟ್ಯಾಂಕಿನ ಅಂಚಿಗೆ ಕೊಕ್ಕು ಮಸೆಯಿತು. ಎದುರು ಕಟ್ಟಡದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೆಲಸ ಬಿಟ್ಟು ನೋಡುತ್ತಿದ್ದಳು. ಆಗ ವಿಷ್ಣುತೀರ್ಥರಿಗೆ ತಮ್ಮ ಅವತಾರ ತಮಗೇ ಕಂಡಿತು. ತಲೆಯ ಮೇಲೆ ಜೋಡಿಸಿದ ಕೈ, ಹೆಗಲ ಮೇಲೆ ಶಲ್ಯ, ಬಿಸಿಲಿಗೆ ಹಲ್ಲು ಕಿರಿದ ಬಾಯಿ. ಬೀದಿಯ ಗೋಡೆ ಗೋಡೆಗೂ ಅಂಟಿಸಿದ ಅಭ್ಯರ್ಥಿಗಳ ಚಿತ್ರದಲ್ಲಿ ಇದೇ ಭಂಗಿ ಇತ್ತು. ಅವಮಾನದಿಂದ ಅವರ ಕೈ ತಾನಾಗಿ ಇಳಿಯಿತು.

ಮೆಟ್ಟಿಲಿನಲ್ಲಿ ಹೆಜ್ಜೆ ಸಪ್ಪಳ. ನೀರಜಾಳ ತೋಳು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ಅಂಬಾಬಾಯಿಯೇ ಬಂದಿದ್ದರು. ಮುಖ ಬಿಳಿಚಿಕೊಂಡಿತ್ತು. ಮಕ್ಕಳ ಕಡೆ ತಿರುಗಿಯೂ ನೋಡದೆ ಅವರು ಕಾಗೆಯ ಜೊತೆ ಮಾತಾಡಿದರು, ಗಂಡನ ಜೊತೆ ಹೇಗೆ ಮಾತಾಡುತ್ತಿದ್ದರೋ ಹಾಗೇ.

“ನೋಡಿ, ಇವರ ಮಾತು ನಂಬಬೇಡಿ. ನಂಬಿ ನಂಬಿ ನಿಮಗೂ ಸಾಕಾಗಿದೆ, ನನಗೂ ಸಾಕಾಗಿದೆ. ಆಸ್ಪತ್ರೇಲಿ ನಿಮ್ಮ ಕೈ ಹಿಡ್ಕೊಂಡು ‘ತಮ್ಮನ್ನ ಬಿಡಲ್ಲ ಅಪ್ಪಾ’ ಅಂದೋನು ಇವನೇ. ‘ಅಣ್ಣನ ಮಾತು ಮೀರಲ್ಲ’ ಅಂದೋನು ಅವನೇ. ನಾನೇನೂ ಮಾತು ಕೊಡಲ್ಲ, ಕೊಡೋಕೆ ನನ್ನ ಹತ್ರ ಏನಿದೆ? ತಲೆ ಸುತ್ತುತ್ತಾ ಇದೆ, ಮಾತ್ರೆ ತಗೋಬೇಕು. ಬಂದು ಒಂದು ತುತ್ತು ತಗೊಳ್ಳಿ.”

ಕಾಗೆ ರೆಕ್ಕೆ ಬಡಿದು ಇಳಿಯಿತು. ಎರಡು ಸಲ ಕುಪ್ಪಳಿಸಿ ಬಂದು ಪಿಂಡಕ್ಕೆ ಬಾಯಿ ಹಾಕಿತು.

ವಿಷ್ಣುತೀರ್ಥರಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಜನ್ಮವಿಡೀ ಯಾರ ಮಾತನ್ನೂ ನಂಬದ ಮನುಷ್ಯ. ಕೊನೆಗೆ ಸ್ವಂತ ತಂದೆಯ ಎದುರಿನಲ್ಲೇ ತಮ್ಮದೇ ಮಾತಿಗೆ ಠೇವಣಿಯೂ ಉಳಿದಿರಲಿಲ್ಲ.

“ಒಟ್ಟಿಗೆ ಕೂತಿದ್ದು ನೋಡಿದ್ದಾಯ್ತು,” ಅಂದರು ಅಂಬಾಬಾಯಿ, ಸೆರಗು ಹೊದ್ದುಕೊಳ್ಳುತ್ತ. ದನಿಯಲ್ಲಿ ಕೋಪ ಇರಲಿಲ್ಲ. “ಮುಂದಿನ ವರ್ಷ ಬೇರೆ ಬೇರೆನೇ ಮಾಡಿ. ಎರಡು ಕಡೆ ಓಡಾಡಿದ್ರೂ ಅವರಿಗೆ ಒಂದು ಕಡೆಯಾದ್ರೂ ಊಟ ಸಿಗುತ್ತೆ.”

“ಇಲ್ಲ ಅಮ್ಮ! ನಿನ್ನಾಣೆ, ಮುಂದಿನ ವರ್ಷ ಖಂಡಿತ...” ಎಂದು ವಿಷ್ಣುತೀರ್ಥರು ಕೈಯೆತ್ತಿದರು. “ಖಂಡಿತ ಅಮ್ಮ, ಖಂಡಿತ...” ಎಂದು ಗುರುಚರಣನೂ ಅದೇ ಉಸಿರಿನಲ್ಲಿ ಕೈಯೆತ್ತಿದ.

ಕಾಗೆ ತಲೆಯೆತ್ತಿ ಒಮ್ಮೆ ಅಣ್ಣನನ್ನು ನೋಡಿತು, ಒಮ್ಮೆ ತಮ್ಮನನ್ನು ನೋಡಿತು. ಬಾಯಲ್ಲಿದ್ದಷ್ಟನ್ನು ಕಚ್ಚಿಕೊಂಡು, ಮಿಕ್ಕ ಪಿಂಡವನ್ನು ಅಲ್ಲೇ ಬಿಟ್ಟು, ಎದುರು ಕಟ್ಟಡದ ಆಚೆಗೆ ಹಾರಿಹೋಯಿತು.

“ಮುಗೀತಾ ಭಾಷಣ?” ಎಂದು ಅಂಬಾಬಾಯಿ ಮೆಟ್ಟಿಲ ಕಡೆಗೆ ತಿರುಗಿದರು. “ಬನ್ನಿ, ಊಟ ಮಾಡಿ.”